ಒಬ್ಬರೇ ರೋಗಿ, ಮೂರು ರಿಜಿಸ್ಟರ್: ಪಿಎಚ್‌ಸಿಯಲ್ಲಿ ಬಹುಕಾಯಿಲೆಯ ಲೆಕ್ಕ ಹಾಕಿದ್ದು ಹೀಗೆ

ಬಿಪಿಗೆ ಒಂದು ರಿಜಿಸ್ಟರ್, ಶುಗರ್‌ಗೆ ಇನ್ನೊಂದು, ಟಿಬಿಗೆ ಮತ್ತೊಂದು. ದಮ್ಮು, ಮಂಡಿನೋವು, ಫಿಟ್ಸ್‌ಗೆ ಓಪಿಡಿ (ಹೊರರೋಗಿ ವಿಭಾಗ) ಪುಸ್ತಕದ ಒಂದು ಸಾಲು ಬಿಟ್ಟರೆ ಬೇರೆ ಜಾಗವೇ ಇಲ್ಲ. ಹಾಗಾಗಿ ‘ನಿಮ್ಮ ಕೇಂದ್ರದಲ್ಲಿ ಎರಡು ಮೂರು ದೀರ್ಘಕಾಲದ ಕಾಯಿಲೆ ಒಟ್ಟಿಗೆ ಇರುವವರು ಎಷ್ಟು ಮಂದಿ’ ಎಂದು ಯಾರಾದರೂ ಕೇಳಿದರೆ ಪಿಎಚ್‌ಸಿಯಲ್ಲಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಉತ್ತರ ಸಿಗುವುದಿಲ್ಲ. ಬಯಲುಸೀಮೆಯ ಒಂದು ಪಿಎಚ್‌ಸಿಯಲ್ಲಿ ಈ ಲೆಕ್ಕವನ್ನು ನಾವು ಹಾಕಿದ ಬಗೆ ಇಲ್ಲಿದೆ. ಬೇರೆ ಕೇಂದ್ರದವರೂ ಹೆಚ್ಚಿನ ಖರ್ಚಿಲ್ಲದೆ ಮಾಡಬಹುದು. ಸಂಶೋಧನೆ ಎಂದು ಪ್ರಕಟಿಸುವ ಆಲೋಚನೆ ಇದ್ದರೆ ಮಾತ್ರ ಮೊದಲು ಎಥಿಕ್ಸ್ ಕಮಿಟಿಯ ಅನುಮತಿ ಪಡೆಯಿರಿ, ಮಾಹಿತಿ ಸಂಗ್ರಹಿಸಿದ ಮೇಲೆ ಕೇಳಿದರೆ ಸಿಗುವುದಿಲ್ಲ.

ಮೊದಲ ಜಗಳ ಪಟ್ಟಿಯದು. ಒಬ್ಬರಲ್ಲಿ ಎರಡು ಅಥವಾ ಹೆಚ್ಚು ದೀರ್ಘಕಾಲದ ಕಾಯಿಲೆ ಇದ್ದರೆ ಮಲ್ಟಿಮಾರ್ಬಿಡಿಟಿ, ಅಂದರೆ ಬಹುಕಾಯಿಲೆ, ಸರಿ. ಆದರೆ ಯಾವುದನ್ನು ಕಾಯಿಲೆ ಎಂದು ಎಣಿಸಬೇಕು? 2012ರಲ್ಲಿ ಪ್ರಕಟವಾದ ಸ್ಕಾಟ್ಲೆಂಡಿನ ಹೆಸರಾಂತ ಅಧ್ಯಯನ 40 ಕಾಯಿಲೆಗಳ ಪಟ್ಟಿ ಇಟ್ಟುಕೊಂಡು, 314 ಕ್ಲಿನಿಕ್‌ಗಳ ಸುಮಾರು 17.5 ಲಕ್ಷ ಜನರ ದಾಖಲೆ ನೋಡಿ, ಶೇ 23ರಷ್ಟು ಮಂದಿಯಲ್ಲಿ ಬಹುಕಾಯಿಲೆ ಇದೆ ಎಂದಿತು. ಕಡುಬಡವರ ಪ್ರದೇಶಗಳಲ್ಲಿ ಅದು 10–15 ವರ್ಷ ಮೊದಲೇ ಶುರುವಾಗುತ್ತದೆ ಎಂಬುದು ಅದರಲ್ಲಿ ನಮಗೆ ಮುಖ್ಯವಾದ ಮಾತು. ಒಡಿಶಾದ ಪ್ರಾಥಮಿಕ ಆರೈಕೆಯ ರೋಗಿಗಳಲ್ಲಿ 2015ರ ಅಧ್ಯಯನವೊಂದು ಕಂಡದ್ದು ಶೇ 28.3. ಪಟ್ಟಿ ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ, ಆದ್ದರಿಂದ ಪಟ್ಟಿ ಹೇಳದೆ ಶೇಕಡಾವಾರು ಹೇಳುವುದಕ್ಕೆ ಅರ್ಥವಿಲ್ಲ.

ನಾವು ಇಟ್ಟುಕೊಂಡದ್ದು 12: ಬಿಪಿ, ಶುಗರ್, ಹೃದಯದ ಕಾಯಿಲೆ, ಲಕ್ವ, ಕಿಡ್ನಿ, ಆಸ್ತಮಾ–ಸಿಒಪಿಡಿ (ಉಸಿರಾಟದ ದೀರ್ಘಕಾಲದ ಕಾಯಿಲೆಗಳು, ಎರಡೂ ಸೇರಿ ಒಂದು), ಥೈರಾಯ್ಡ್, ಫಿಟ್ಸ್, ಖಿನ್ನತೆ, ಮಂಡಿ ಸವೆತ, ಕ್ಯಾನ್ಸರ್, ಮತ್ತು ಚಿಕಿತ್ಸೆ ನಡೆಯುತ್ತಿರುವ ಟಿಬಿ. ‘ಗ್ಯಾಸ್ಟ್ರಿಕ್’ ಬೇಕೆಂದೇ ಬಿಟ್ಟೆವು. ಅದನ್ನು ಸೇರಿಸಿದರೆ ಇಡೀ ತಾಲ್ಲೂಕು ಬಹುಕಾಯಿಲೆಯದಾಗುತ್ತದೆ. ವೈದ್ಯರ ಹಳೆಯ ಚೀಟಿ ಇರಬೇಕು, ಇಲ್ಲವೇ ಈಗ ಅದಕ್ಕೆ ಮಾತ್ರೆ ನಡೆಯುತ್ತಿರಬೇಕು, ಇಲ್ಲವೇ ನಮ್ಮಲ್ಲೇ ಎರಡು ಬೇರೆ ದಿನ ಪತ್ತೆಯಾಗಿರಬೇಕು. ಈ ಮೂರರಲ್ಲಿ ಒಂದಾದರೂ ಇದ್ದರೆ ಎಣಿಕೆಗೆ. ಕಿಡ್ನಿಗೆ ಮಾತ್ರ ಬಿಗಿ ನಿಯಮ: ಇಜಿಎಫ್‌ಆರ್ (ಕಿಡ್ನಿ ರಕ್ತ ಸೋಸುವ ಶಕ್ತಿಯ ಅಂದಾಜು) 60ಕ್ಕಿಂತ ಕಡಿಮೆ, ಅದೂ ಕನಿಷ್ಠ 3 ತಿಂಗಳ ಅಂತರದ ಎರಡು ಪರೀಕ್ಷೆಗಳಲ್ಲಿ. ವಾಂತಿ–ಭೇದಿಯಾಗಿ ಬಂದವರ ಒಂದೇ ಕ್ರಿಯೇಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ನೋಡಿ ‘ಕಿಡ್ನಿ ಹೋಗಿದೆ’ ಎಂದು ಬರೆಯುವ ತಪ್ಪು ಇದರಿಂದ ತಪ್ಪುತ್ತದೆ.

ಮಾದರಿ ಎಷ್ಟು ಬೇಕು ಎಂಬುದಕ್ಕೆ ಕಾಗದದ ಲೆಕ್ಕವೇ ಸಾಕು. ಶೇ 28 ಎಂದು ಅಂದಾಜಿಸಿ, ±5ರ ನಿಖರತೆ ಬೇಕೆಂದರೆ 1.96 × 1.96 × 0.28 × 0.72 ÷ 0.0025, ಅಂದರೆ 310. ಅರ್ಧಕ್ಕೆ ಎದ್ದು ಹೋಗುವವರಿಗೆಂದು ಶೇ 10 ಸೇರಿಸಿದರೆ 341. ಓಪಿಡಿಗೆ ಬರುವ 30 ದಾಟಿದವರಲ್ಲಿ ಪ್ರತಿ 5ನೆಯವರನ್ನು ತೆಗೆದುಕೊಂಡೆವು. ಎನ್‌ಸಿಡಿ (ಶುಗರ್, ಬಿಪಿಯಂಥ ಸಾಂಕ್ರಾಮಿಕವಲ್ಲದ ಕಾಯಿಲೆಗಳ) ಕ್ಲಿನಿಕ್ ದಿನವೇ ಎಲ್ಲರನ್ನೂ ತೆಗೆದುಕೊಂಡರೆ ಶುಗರ್–ಬಿಪಿ ಉಬ್ಬಿ ಕಾಣುತ್ತದೆ. ಸಂತೆ ದಿನ ಬರುವವರೇ ಬೇರೆ, ಸೋಮವಾರದವರೇ ಬೇರೆ. ವಾರದ ಎಲ್ಲ ದಿನಗಳಿಗೂ ಸಮನಾಗಿ ಹಂಚಿ. ಹೀಗೆ ಮಾಡಿದರೂ ಇದು ಓಪಿಡಿಯ ಲೆಕ್ಕವೇ ಹೊರತು ಊರಿನದಲ್ಲ. ವರದಿಯ ಮೊದಲ ಸಾಲಿನಲ್ಲೇ ಅದನ್ನು ಬರೆಯಿರಿ.

ರಿಜಿಸ್ಟರ್‌ಗಳನ್ನು ಒಂದುಗೂಡಿಸುವುದು ಬೇಸರದ ಕೆಲಸ. ಒಂದೇ ಊರಲ್ಲಿ ಮೂವರು ಲಕ್ಷ್ಮಮ್ಮ. ಫೋನ್ ನಂಬರ್ ಮಗನದು, ಅದೇ ನಂಬರ್‌ನಲ್ಲಿ ಅತ್ತೆ, ಸೊಸೆ ಇಬ್ಬರೂ. ಬರೀ ಹೆಸರಿನಿಂದ ಹೊಂದಿಸಿದರೆ ಇಬ್ಬರು ಒಬ್ಬರಾಗುತ್ತಾರೆ, ಬರೀ ಫೋನಿನಿಂದ ಹೊಂದಿಸಿದರೂ ಅದೇ ಕಥೆ. ಹೆಸರು, ಗಂಡ ಅಥವಾ ತಂದೆಯ ಹೆಸರು, ಊರು ಈ ಮೂರೂ ಕೂಡಬೇಕು, ವಯಸ್ಸಿನಲ್ಲಿ ±5 ವರ್ಷದ ಸಡಿಲಿಕೆ ಇರಲಿ. ಅನುಮಾನ ಬಂದ ಸಾಲುಗಳನ್ನು ಆ ಊರಿನ ಆಶಾ ಮುಂದೆ ಓದಿದರೆ ಅರ್ಧ ಗಂಟೆಯಲ್ಲಿ ತೀರ್ಮಾನವಾಗುತ್ತದೆ, ಯಾವ ಸಾಫ್ಟ್‌ವೇರಿಗೂ ಅಷ್ಟು ಗೊತ್ತಿರುವುದಿಲ್ಲ. ವಯಸ್ಸು 60, 65ರಲ್ಲಿ ಗುಡ್ಡೆ ಬಿದ್ದಿರುತ್ತದೆ. ಸಂಧ್ಯಾ ಸುರಕ್ಷಾ ಪಿಂಚಣಿ 65ಕ್ಕೆ ಎಂಬುದನ್ನು ನೆನಪಿಟ್ಟರೆ ಕಾರಣ ಹೊಳೆಯುತ್ತದೆ. ಅದಕ್ಕೇ ಫಲಿತಾಂಶವನ್ನು 10 ವರ್ಷದ ಗುಂಪುಗಳಲ್ಲಿ ತೋರಿಸಿದೆವು. ಹೊಂದಿಸಿದ ಮೇಲೆ ಹೆಸರು ಅಳಿಸಿ ಕೋಡ್ ನಂಬರ್ ಕೊಡಿ, ಕೋಡಿನ ಹಾಳೆ ಬೀರುವಿನಲ್ಲಿರಲಿ.

ಹಳೆಯ ಬಿಪಿ ಅಂಕಿಗಳನ್ನು ನಂಬುವ ಮೊದಲು ಕೊನೆಯ ಅಂಕೆ ನೋಡಿ. ಡಿಜಿಟಲ್ ಯಂತ್ರದಲ್ಲಿ ಅಳೆದಿದ್ದರೆ ಸೊನ್ನೆಯಲ್ಲಿ ಮುಗಿಯುವುದು ಹತ್ತಕ್ಕೆ ಒಂದರಷ್ಟೇ ಇರಬೇಕು. ಪುಟದ ತುಂಬ 130/80, 140/90 ಇದ್ದರೆ ಅದು ಅಂದಾಜಿನ ಬರಹ. ಅಂಥ ಪುಟವನ್ನು ವಿಶ್ಲೇಷಣೆಗೆ ಬಳಸದೆ ಮತ್ತೆ ಅಳೆದೆವು. 5 ನಿಮಿಷ ಕೂರಿಸಿ, ಬೆನ್ನಿಗೆ ಆಸರೆ ಕೊಟ್ಟು, ಕಾಲು ನೆಲಕ್ಕೆ ತಾಗಿಸಿ, ತೋಳು ಎದೆಯ ಮಟ್ಟದಲ್ಲಿಟ್ಟು, ಮಾತಿಲ್ಲದೆ. ಅರ್ಧ ಗಂಟೆಯಿಂದ ಟೀ, ಬೀಡಿ ಇರಬಾರದು. ಸ್ವೆಟರ್, ರವಿಕೆ ತೋಳಿನ ಮೇಲೇ ಪಟ್ಟಿ ಸುತ್ತುವುದು, ದಪ್ಪ ತೋಳಿಗೆ ಸಣ್ಣ ಪಟ್ಟಿ ಹಾಕುವುದು ಸಾಮಾನ್ಯ ತಪ್ಪು. ಸಣ್ಣ ಪಟ್ಟಿ ಸುಳ್ಳು ಬಿಪಿ ಹೆಚ್ಚಿಸಿ ತೋರಿಸುತ್ತದೆ. ಒಂದು ನಿಮಿಷ ಬಿಟ್ಟು ಎರಡನೇ ಸಲ. ಮೂರು ನಾಲ್ಕು ಮಾತ್ರೆ ತಿನ್ನುವ ಹಿರಿಯರನ್ನು ನಿಲ್ಲಿಸಿಯೂ 1 ಮತ್ತು 3 ನಿಮಿಷಕ್ಕೆ ಅಳೆಯಿರಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ‘ಎದ್ದರೆ ಕಣ್ಣು ಕತ್ತಲೆ’ ಎಂಬ ಅವರ ದೂರಿಗೆ ಕಾರಣ ಸಿಕ್ಕಿತು.

ಶುಗರ್‌ನಲ್ಲಿ ಊಟದ ನಂತರದ 2 ಗಂಟೆಯನ್ನು ಮೊದಲ ತುತ್ತಿನಿಂದ ಎಣಿಸಬೇಕು, ಕೈ ತೊಳೆದಾಗಿನಿಂದಲ್ಲ. ಬೆರಳಿಗೆ ಬಾಳೆಹಣ್ಣು, ಬೆಲ್ಲದ ಅಂಟಿದ್ದರೂ ಗ್ಲುಕೋಮೀಟರ್ ಹೆಚ್ಚು ತೋರಿಸುತ್ತದೆ. ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ತೇವ ತಾಗಿ ಸ್ಟ್ರಿಪ್ ಕೆಡುತ್ತದೆ. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ) ಸಿಗುತ್ತದೆಂದು ಸಂಭ್ರಮಿಸುವ ಮೊದಲು ಹಿಮೋಗ್ಲೋಬಿನ್ ನೋಡಿ. ಕಬ್ಬಿಣದಂಶದ ಕೊರತೆ ಇದ್ದವರಲ್ಲಿ ಅದು ಇರುವುದಕ್ಕಿಂತ ಹೆಚ್ಚು ಬರಬಹುದು. ನಮ್ಮ ಹೆಂಗಸರಲ್ಲಿ ರಕ್ತಹೀನತೆ ಎಷ್ಟೆಂದು ಬೇರೆ ಹೇಳಬೇಕಿಲ್ಲ.

ಇಡೀ ಕೆಲಸದಲ್ಲಿ ಹೆಚ್ಚು ಕಲಿಸಿದ್ದು ಮಾತ್ರೆ ಚೀಲ. ‘ಮನೆಯಲ್ಲಿರುವ ಎಲ್ಲ ಮಾತ್ರೆ, ಪುಡಿ, ಕಷಾಯದ ಬಾಟ್ಲಿ ಒಂದೇ ಚೀಲಕ್ಕೆ ಹಾಕ್ಕೊಂಡು ಬನ್ನಿ, ಯಾರೂ ಬಯ್ಯಲ್ಲ’ ಎಂದು ಆಶಾ ಮೂಲಕ ಹೇಳಿಸಿದೆವು. ಕೊನೆಯ ಮಾತು ಹೇಳದಿದ್ದರೆ ಮೆಡಿಕಲ್ ಶಾಪಿನ ಮಾತ್ರೆ ಮನೆಯಲ್ಲೇ ಉಳಿಯುತ್ತದೆ. ಸ್ಟೀಲ್ ಟ್ರೇಗೆ ಸುರಿದು ಒಂದೊಂದನ್ನೇ ಎತ್ತಿ ‘ಇದು ಯಾವುದಕ್ಕಮ್ಮ, ಯಾವಾಗ ನುಂಗ್ತೀರಿ?’ ಎಂದು ಕೇಳುವುದು. ‘ಬಿಪಿ ಮಾತ್ರೆ ತಗೋತೀರಾ?’ ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. ‘ಹೋದ ವಾರ ಎಷ್ಟು ದಿನ ತಪ್ಪಿತು?’ ಎಂದರೆ ನಿಜ ಬರುತ್ತದೆ. ಒಬ್ಬರಿಗೆ 10–12 ನಿಮಿಷ ಹಿಡಿಯುತ್ತದೆ. ಓಪಿಡಿ ಗದ್ದಲದಲ್ಲಿ ಇದು ಆಗದ ಕೆಲಸ. ಮಧ್ಯಾಹ್ನ 2ರ ಮೇಲೆ ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ) ಅಥವಾ ಸ್ಟಾಫ್ ನರ್ಸ್ ಮಾಡುವುದೇ ಸರಿ.

ಟ್ರೇಯಲ್ಲಿ ಏನೇನು ಹುಡುಕಬೇಕು? ಮೊದಲನೆಯದು, ಒಂದೇ ಔಷಧ ಎರಡು ಹೆಸರಲ್ಲಿ. ಇಲ್ಲಿಂದ ಬಿಪಿ ಮಾತ್ರೆ ಟೆಲ್ಮಿಸಾರ್ಟನ್, ಪೇಟೆಯ ಡಾಕ್ಟರಿಂದ ಟೆಲ್ಮಿಸಾರ್ಟನ್–ಆಮ್ಲೋಡಿಪಿನ್ ಜೋಡಿ ಮಾತ್ರೆ, ಎರಡೂ ನಡೆಯುತ್ತಿರುತ್ತವೆ. ಬ್ರ್ಯಾಂಡ್ ಹೆಸರು ಬಿಟ್ಟು ಕೆಳಗಿನ ಸಣ್ಣಕ್ಷರ ಓದಿ. ಅದೂ ಇಲ್ಲದ ಸ್ಟ್ರಿಪ್ ಇದ್ದರೆ ತಪ್ಪು ನಮ್ಮದೇ: ಫಾರ್ಮಸಿಯಲ್ಲಿ ಕತ್ತರಿಸುವಾಗ ಹೆಸರು, ಎಕ್ಸ್‌ಪೈರಿ ಇರುವ ತುದಿಯೇ ಮೊದಲು ಹೋಗಿರುತ್ತದೆ. ಆ ತುದಿ ಕೊನೆಗೆ ಉಳಿಯುವಂತೆ ಕತ್ತರಿಸಬೇಕು ಎಂಬುದನ್ನು ಗೋಡೆಗೆ ಬರೆದು ಅಂಟಿಸಿದೆವು.

ಎರಡನೆಯದು ನೋವಿನ ಮಾತ್ರೆ. ಮಂಡಿನೋವಿಗೆ ಡೈಕ್ಲೋಫೆನಾಕ್, ಬಿಪಿಗೆ ಟೆಲ್ಮಿಸಾರ್ಟನ್, ಜತೆಗೆ ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಜೈಡ್: ಮೂರೂ ಕೂಡಿದರೆ ಕಿಡ್ನಿಗೆ ಹೊಡೆತ, ಬೇಸಿಗೆಯಲ್ಲಿ ಕೂಲಿ ಕೆಲಸ ಮಾಡುವವರಿಗೆ ಇನ್ನೂ ಹೆಚ್ಚು. ಮೂರನ್ನೂ ಮೂವರು ಕೊಟ್ಟಿರುತ್ತಾರೆ, ಯಾರ ಚೀಟಿಯಲ್ಲೂ ಒಟ್ಟಿಗೆ ಇರುವುದಿಲ್ಲ, ಟ್ರೇಯಲ್ಲಿ ಮಾತ್ರ ಸಿಗುತ್ತದೆ. ಪೊಟ್ಟಣದಲ್ಲಿ ಕಟ್ಟಿಕೊಟ್ಟ ಬಿಡಿ ಮಾತ್ರೆಗಳಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಇದ್ದರೆ ಶುಗರ್, ಬಿಪಿ ಎರಡೂ ಏರುತ್ತವೆ. ವಾರಗಟ್ಟಲೆ ತಿಂದಿದ್ದರೆ ಒಮ್ಮೆಗೇ ನಿಲ್ಲಿಸಬೇಡಿ, ಇಳಿಸುತ್ತ ಬರಬೇಕು. ಇದನ್ನು ಎಂಒ (ವೈದ್ಯಾಧಿಕಾರಿ) ನೋಡಬೇಕು.

ಇಜಿಎಫ್‌ಆರ್ 30ಕ್ಕಿಂತ ಕೆಳಗಿದ್ದರೆ ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ನಿಲ್ಲಬೇಕು, 30–45ರ ನಡುವೆ ಪ್ರಮಾಣ ಅರ್ಧಕ್ಕೆ. ಟೆಲ್ಮಿಸಾರ್ಟನ್ ಶುರು ಮಾಡಿದ 1–2 ವಾರಕ್ಕೆ ಕ್ರಿಯೇಟಿನಿನ್, ಪೊಟ್ಯಾಸಿಯಂ ನೋಡಿ. ಕ್ರಿಯೇಟಿನಿನ್ ಶೇ 30ರವರೆಗೆ ಏರಿದರೆ ಗಾಬರಿ ಬೇಡ. ಟಿಬಿಗೆ ರಿಫಾಂಪಿಸಿನ್ ಶುರುವಾದರೆ ಶುಗರ್ ಇಳಿಸುವ ಗ್ಲಿಮೆಪಿರೈಡ್, ಬಿಪಿಯ ಆಮ್ಲೋಡಿಪಿನ್ ಎರಡರ ಕಸುವೂ ತಗ್ಗುತ್ತದೆ. ‘ಮಾತ್ರೆ ಸರಿಯಾಗಿ ತಿಂತಿಲ್ಲ’ ಎಂದು ರೋಗಿಯನ್ನು ಗದರುವ ಮೊದಲು ಟಿಬಿ ರಿಜಿಸ್ಟರ್ ನೋಡಿ. ಏಕಾದಶಿ, ರಂಜಾನ್ ಉಪವಾಸದವರಲ್ಲಿ ಗ್ಲಿಮೆಪಿರೈಡ್ ಬಗ್ಗೆ ಮೊದಲೇ ಮಾತಾಡಿಟ್ಟಿರಬೇಕು. ಶುಗರ್ 70ಕ್ಕಿಂತ ಇಳಿದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ.

ಆಮೇಲೆ ಕ್ಲಿನಿಕ್ ದಿನಗಳನ್ನು ಕೂಡಿಸಿದೆವು. ಬಿಪಿಗೊಂದು ದಿನ, ಶುಗರ್‌ಗೊಂದು ದಿನ ಎಂದರೆ ಕೂಲಿಯವರಿಗೆ ಎರಡು ದಿನದ ಕೂಲಿ ಹೋಯಿತು. ಒಂದೇ ಕಾರ್ಡ್, ಎಲ್ಲ ಮಾತ್ರೆಯೂ 30 ದಿನಕ್ಕೆ, ಒಂದೇ ತಾರೀಖಿಗೆ ಮುಗಿಯುವಂತೆ. ಓದಲು ಬಾರದವರ ಲಕೋಟೆ ಮೇಲೆ ಸೂರ್ಯ, ಚಂದ್ರನ ಗುರುತು. ಇದರಿಂದ ಬದುಕಿನ ಗುಣಮಟ್ಟವೇ ಏರುತ್ತದೆ ಎಂದು ವರದಿಯಲ್ಲಿ ಬರೆಯಲು ಹೋಗಬೇಡಿ. ಬ್ರಿಟನ್ನಿನ 3ಡಿ ಪ್ರಯೋಗದಲ್ಲಿ 33 ಕ್ಲಿನಿಕ್‌ಗಳು, 1,546 ರೋಗಿಗಳನ್ನಿಟ್ಟುಕೊಂಡು ಎಲ್ಲ ಕಾಯಿಲೆಯನ್ನೂ ಒಟ್ಟಿಗೆ ನೋಡಿದರು. ರೋಗಿಗಳಿಗೆ ಆರೈಕೆ ಮೆಚ್ಚುಗೆಯಾಯಿತು, ಆದರೆ ಗುಣಮಟ್ಟದ ಅಳತೆ ಕದಲಲಿಲ್ಲ. ನಾವು ಅಳೆದದ್ದು ತಿಂಗಳಿಗೆ ಎಷ್ಟು ಸಲ ಬರಬೇಕಾಯಿತು, ಎಷ್ಟು ದಿನ ಮಾತ್ರೆ ತಪ್ಪಿತು ಎಂಬಷ್ಟನ್ನೇ.

ಕೊನೆಗೆ ಶೇಕಡಾವಾರು. ಉದಾಹರಣೆಗೆ, 200 ಮಂದಿ ನೋಂದಣಿಯಾಗಿ, 120 ಮಂದಿ ಬಂದು, 84 ಮಂದಿಯ ಬಿಪಿ ಹತೋಟಿಯಲ್ಲಿದ್ದರೆ ಬಂದವರ ಲೆಕ್ಕದಲ್ಲಿ ಶೇ 70, ನೋಂದಣಿಯ ಲೆಕ್ಕದಲ್ಲಿ ಶೇ 42. ಮೀಟಿಂಗಿನಲ್ಲಿ ಹೇಳಲು ಮೊದಲನೆಯದು ಚೆಂದ, ಕೆಲಸಕ್ಕೆ ಬರುವುದು ಎರಡನೆಯದು. ಬಾರದ 80 ಮಂದಿಯ ಪಟ್ಟಿಯನ್ನು ಅಕ್ಷರಮಾಲೆಯಲ್ಲಿ ಕೊಟ್ಟರೆ ಆಶಾ ಊರೆಲ್ಲ ಸುತ್ತಬೇಕಾಗುತ್ತದೆ. ಬೀದಿವಾರು ಜೋಡಿಸಿ ಕೊಡಿ. ಎದುರಿಗೆ ನಾಲ್ಕೇ ಕಾರಣ: ಊರಲ್ಲಿಲ್ಲ, ಖಾಸಗಿಗೆ ಹೋಗುತ್ತಾರೆ, ಮಾತ್ರೆ ಬಿಟ್ಟಿದ್ದಾರೆ, ತೀರಿಕೊಂಡರು. ತೀರಿಕೊಂಡವರ ಹೆಸರಿನ ಮುಂದೆ ತಾರೀಖು ಬರೆದು, ಮುಂದಿನ ತ್ರೈಮಾಸಿಕದ ನೋಂದಣಿ ಸಂಖ್ಯೆಯಿಂದ ಕಳೆಯಬೇಕು. ಉಳಿದ ಮೂರು ಕಾರಣದವರನ್ನು ಕಳೆಯುವಂತಿಲ್ಲ.