ಕೋವಿ ಲೈಸೆನ್ಸಿದ್ದರೆ ಸಾಲದು: ತೋಟಾ ಕೊಳ್ಳುವುದು, ಇಟ್ಟುಕೊಳ್ಳುವುದು

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಬೆಳೆ ರಕ್ಷಣೆಗೆ ಕೋವಿ ಇಟ್ಟುಕೊಂಡವರು ಲೈಸೆನ್ಸ್ ಪುಸ್ತಕದಲ್ಲಿ ಸಾಮಾನ್ಯವಾಗಿ ನೋಡುವುದು ಎರಡನ್ನೇ: ಕೋವಿಯ ನಂಬರು ಮತ್ತು ಅವಧಿ ಮುಗಿಯುವ ತಾರೀಖು. ತೋಟಾ, ಅಂದರೆ ಕೋವಿಗೆ ಹಾಕುವ ಮದ್ದುಗುಂಡು, ತರಲು ಹೊರಟಾಗ ನೋಡಬೇಕಾದದ್ದು ಬೇರೆಯೇ ಕಾಲಂ. 1959ರ ಶಸ್ತ್ರಾಸ್ತ್ರ ಕಾಯ್ದೆಯ 3ನೇ ಕಲಂ ಪ್ರಕಾರ ಕೋವಿಗೆ ಬೇಕಾದಂತೆ ಮದ್ದುಗುಂಡಿಗೂ ಲೈಸೆನ್ಸ್ ಬೇಕು. ಕೋವಿ ಸಕ್ರಮವಾಗಿದ್ದೂ ಕಪಾಟಿನಲ್ಲಿರುವ ತೋಟಾ ಅಕ್ರಮವಾಗಿರಬಹುದು.

ಬೆಳೆ ರಕ್ಷಣೆಗೆ ಸಿಗುವ ಲೈಸೆನ್ಸಿನಲ್ಲಿ ಮದ್ದುಗುಂಡಿನ ಜಾಗದಲ್ಲಿ ಎರಡು ಸಂಖ್ಯೆಗಳಿರುತ್ತವೆ: ಒಂದು ಸಲಕ್ಕೆ ಎಷ್ಟು ಇಟ್ಟುಕೊಳ್ಳಬಹುದು, ಒಂದು ವರ್ಷದಲ್ಲಿ ಎಷ್ಟು ಕೊಳ್ಳಬಹುದು. ಈ ಎರಡನ್ನೂ ಬೇರೆಬೇರೆಯಾಗಿ ಲೆಕ್ಕ ಹಾಕಬೇಕು. ನಿಮ್ಮ ಪುಸ್ತಕದಲ್ಲಿ ಒಂದು ಸಲಕ್ಕೆ 50, ವರ್ಷಕ್ಕೆ 100 ಎಂದಿದೆ ಅಂತಿಟ್ಟುಕೊಳ್ಳಿ. ಮನೆಯಲ್ಲಿ 30 ಉಳಿದಿದ್ದರೆ ಈಗ ತರಬಹುದಾದದ್ದು 20 ಮಾತ್ರ, ವರ್ಷದ ಲೆಕ್ಕದಲ್ಲಿ ಇನ್ನೂ 60 ಬಾಕಿ ಇದ್ದರೂ ಅಷ್ಟೇ. ಅಂಗಡಿಯವರು ವರ್ಷದ ಲೆಕ್ಕವನ್ನು ಪುಸ್ತಕ ನೋಡಿ ಹೇಳುತ್ತಾರೆ. ಮನೆಯಲ್ಲಿ ಉಳಿದಿರುವುದು ಅವರಿಗೆ ಕಾಣುವುದಿಲ್ಲ, ಆ ಲೆಕ್ಕ ನಮ್ಮದೇ. ಪಕ್ಕದ ಮನೆಯವರ ಪುಸ್ತಕದ ಸಂಖ್ಯೆಯನ್ನು ನಂಬಿ ಹೋಗಬೇಡಿ, ನಿಮ್ಮದನ್ನೇ ಓದಿ.

ಅದೇ ಪುಟದಲ್ಲಿ ಕೋವಿಯ ವಿವರಣೆಯನ್ನೂ ನೋಡಿ. ಬೆಳೆ ರಕ್ಷಣೆಗೆಂದು ಕಾಯ್ದೆಯ 13ನೇ ಕಲಂ ಮೊದಲು ಹೇಳುವುದು ಕೇಪಿನ ಕೋವಿಯನ್ನು, ಅಂದರೆ ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಯನ್ನು. ಅದು ಸಾಲದು ಎಂದು ಜಿಲ್ಲಾಧಿಕಾರಿಗೆ ಮನವರಿಕೆಯಾದರೆ ಮಾತ್ರ ತೋಟಾ ಕೋವಿ. ಹಾಗಾಗಿ ಅಜ್ಜನ ಕಾಲದ ಕೇಪಿನ ಕೋವಿಯ ಲೈಸೆನ್ಸ್ ತೋರಿಸಿ 12 ಬೋರಿನ (ಬೋರ್ ಎಂದರೆ ನಳಿಗೆಯ ಒಳ ಅಳತೆ) ತೋಟಾ ಕೇಳಿದರೆ ಅಂಗಡಿಯವರು ಕೊಡುವುದಿಲ್ಲ, ಕೊಡಲೂಬಾರದು. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿ ಶಿವಮೊಗ್ಗದ ನಮಗೆ ಇಲ್ಲ.

ಅಂಗಡಿಗೆ ನಾನು ಒಯ್ಯುವುದು ಮೂಲ ಲೈಸೆನ್ಸ್ ಪುಸ್ತಕ, ಆಧಾರ್, ಮತ್ತು ಉಳಿದ ತೋಟಾಗಳ ಎಣಿಕೆ ಬರೆದ ಚೀಟಿ. ಜೆರಾಕ್ಸ್ ನಡೆಯುವುದಿಲ್ಲ, ಏಕೆಂದರೆ ಖರೀದಿಯನ್ನು ಮೂಲ ಪುಸ್ತಕದಲ್ಲೇ ನಮೂದಿಸಬೇಕು: ತಾರೀಖು, ತೋಟಾದ ಬಗೆ, ಸಂಖ್ಯೆ, ಪಡೆದವರ ಹೆಸರು, ಮಾರಿದವರ ಸಹಿ. ಪುಸ್ತಕದಲ್ಲಿ ಬರೆದ ಸಂಖ್ಯೆ, ಬಿಲ್ಲಿನ ಸಂಖ್ಯೆ, ಕೈಗೆ ಬಂದ ತೋಟಾ ಮೂರೂ ತಾಳೆಯಾಗುವವರೆಗೆ ಕೌಂಟರ್ ಬಿಟ್ಟು ಕದಲಬಾರದು. ನವೀಕರಣದ ಹೊತ್ತಿಗೆ ಎದ್ದು ಕಾಣುವುದು ಈ ನಮೂದುಗಳೇ. ಪುಸ್ತಕದಲ್ಲಿ ಯುಐಎನ್ (ಪ್ರತಿ ಲೈಸೆನ್ಸುದಾರರಿಗೆ ಕೊಡುವ ವಿಶಿಷ್ಟ ಗುರುತಿನ ಸಂಖ್ಯೆ) ಇಲ್ಲದಿದ್ದರೆ ಖರೀದಿಯ ಮಾತು ಬಿಟ್ಟು ಮೊದಲು ಜಿಲ್ಲಾಧಿಕಾರಿ ಕಚೇರಿಯ ಶಸ್ತ್ರ ಶಾಖೆಗೆ ಹೋಗಿ. ಹುಬ್ಬಳ್ಳಿಗೋ ಮಂಗಳೂರಿಗೋ ಹೋಗಿ ತರುವವರು ಲೈಸೆನ್ಸಿನ ವ್ಯಾಪ್ತಿ ಜಿಲ್ಲೆಗೆ ಸೀಮಿತವೋ ರಾಜ್ಯಕ್ಕೋ ಎಂದು ಮೊದಲೇ ನೋಡಿಕೊಳ್ಳಬೇಕು.

ಕಾಗದ ಸರಿಯಿದ್ದರೂ ತಪ್ಪು ತೋಟಾ ಮನೆಗೆ ಬರಬಹುದು. 12 ಬೋರಿನಲ್ಲೇ 65 ಮಿ.ಮೀ. ಮತ್ತು 70 ಮಿ.ಮೀ. ಎಂಬ ಎರಡು ಉದ್ದಗಳು ಸಾಮಾನ್ಯ. ಈ ಅಳತೆ ಹೊಡೆದಾದ ಮೇಲಿನ ಬಿಚ್ಚಿದ ಕೊಳವೆಯದು. ಬಾಯಿ ಮಡಿಸಿದ ಹೊಸ 70ರ ತೋಟಾ ಅದಕ್ಕಿಂತ ಗಿಡ್ಡವಾಗಿರುವುದರಿಂದ ಹಳೆಯ 65ರ ಕೋವಿಯೊಳಗೂ ಸಲೀಸಾಗಿ ಕೂರುತ್ತದೆ. ಹೊಡೆದಾಗ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒಳಗಿನ ಒತ್ತಡ ಏರುತ್ತದೆ. ಹಳೆಯ ಜೋಡಿ ನಳಿಗೆಗೆ ಅದು ಅಪಾಯ. ನಳಿಗೆ ಬಿಚ್ಚಿ ತಳಭಾಗದಲ್ಲಿ ಕೊರೆದಿರುವ ಅಳತೆ ಓದಿ. 65 ಅಥವಾ 2½ ಎಂದಿದ್ದರೆ 65ರದ್ದನ್ನೇ ಕೇಳಿ. ಇನ್ನೊಂದು, 20 ಬೋರಿನ ತೋಟಾ 12 ಬೋರಿನ ಜೊತೆ ಒಂದೇ ಡಬ್ಬಿಯಲ್ಲಿ ಸೇರಬಾರದು. 20ರದ್ದು 12ಕ್ಕಿಂತ ಸಣ್ಣದಾದ್ದರಿಂದ 12ರ ನಳಿಗೆಯೊಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ, ಹಿಂದೆ 12ರದ್ದು ಹಾಕಿ ಹೊಡೆದರೆ ನಳಿಗೆ ಸಿಡಿಯುತ್ತದೆ.

ಮಲೆನಾಡಿನಲ್ಲಿ ತೀರ ಹಗುರವಾಗಿ ಕಾಣುವ ತಪ್ಪು ಕಡ ಕೊಡುವುದು. "ನಾಲ್ಕು ತೋಟಾ ಕೊಡು ಮಾರಾಯ, ಹಂದಿ ಕಾಟ" ಎಂದು ನೆರೆಯವರು ಕೇಳಿದರೆ ಇಲ್ಲ ಎನ್ನುವುದು ಕಷ್ಟ, ಆದರೂ ಅನ್ನಲೇಬೇಕು. ಇಬ್ಬರ ಬಳಿ ಲೈಸೆನ್ಸಿದ್ದರೂ ತೋಟಾ ಕೈಬದಲಾಯಿಸುವ ಮೊದಲು ಪಡೆಯುವವರ ಹೆಸರು, ವಿಳಾಸ ಬರೆದು ಜಿಲ್ಲಾ ದಂಡಾಧಿಕಾರಿಗೋ ಹತ್ತಿರದ ಪೊಲೀಸ್ ಠಾಣೆಗೋ ತಿಳಿಸಿ 45 ದಿನ ಕಾಯಬೇಕೆಂದು 5ನೇ ಕಲಂ ಹೇಳುತ್ತದೆ. ಅದೇ ರೀತಿ ತೋಟದ ರೈಟರ್ ಕೈಗೋ ಮಗನ ಕೈಗೋ ಪುಸ್ತಕ ಕೊಟ್ಟು ಪೇಟೆಗೆ ಕಳಿಸುವುದೂ ಬೇಡ. ಲೈಸೆನ್ಸ್ ಇಲ್ಲದವರು ಲೈಸೆನ್ಸುದಾರರ ಎದುರಿನಲ್ಲಿ ಅಥವಾ ಲಿಖಿತ ಒಪ್ಪಿಗೆಯೊಂದಿಗೆ ಕೋವಿ, ತೋಟಾ ಒಯ್ಯಬಹುದಾದದ್ದು ರಿಪೇರಿಗೆ, ನವೀಕರಣಕ್ಕೆ, ಇಲ್ಲವೇ ಆ ಲೈಸೆನ್ಸುದಾರರ ಬಳಕೆಗೆ ಮಾತ್ರ. ನಾನೇ ಹೋಗಿ ತರುತ್ತೇನೆ. ಜಾತ್ರೆ, ಮೆರವಣಿಗೆ, ಶಾಲಾ ಆವರಣಕ್ಕೆ ಒಯ್ಯುವಂತಿಲ್ಲ. ಮದುವೆ, ಹಬ್ಬದ ಸಂಭ್ರಮಕ್ಕೆ ಗಾಳಿಯಲ್ಲಿ ಹಾರಿಸಿದರೆ 2019ರ ತಿದ್ದುಪಡಿಯ ಪ್ರಕಾರ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಇಡುವ ಜಾಗದಲ್ಲಿ ನಮ್ಮ ಮಳೆಯೇ ದೊಡ್ಡ ಶತ್ರು. ಒಲೆಯ ಮೇಲಿನ ಅಟ್ಟ ಒಣಗಿರುತ್ತದೆಂದು ಅಲ್ಲಿಡುವವರಿದ್ದಾರೆ. ಆ ಬಿಸಿ ಮದ್ದನ್ನು ಕೆಡಿಸುತ್ತದೆ. ಕೋವಿ ಒಂದು ಬೀಗದಲ್ಲಿ, ತೋಟಾ ಬೇರೆ ಬೀಗದಲ್ಲಿ, ಗಾಳಿಯಾಡದ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡುತ್ತೇನೆ. ಕಾಗದದ ಕೊಳವೆ ತೇವಕ್ಕೆ ಉಬ್ಬಿದರೆ ನಳಿಗೆಯೊಳಗೆ ಇಳಿಯುವುದಿಲ್ಲ, ಒತ್ತಿ ಕೂರಿಸಬಾರದು. ಹಿತ್ತಾಳೆಗೆ ಹಸಿರು ಕಿಲುಬು ಹತ್ತಿದ್ದನ್ನೂ ಬಳಸುವುದಿಲ್ಲ. ಕೆಟ್ಟ ತೋಟಾವನ್ನು ಹೊಳೆಗೋ ಬೆಂಕಿಗೋ ಎಸೆಯದೆ ಠಾಣೆಗೋ ಡೀಲರಿಗೋ ಒಪ್ಪಿಸಿ ರಸೀದಿ ಪಡೆಯಬೇಕು. ಲೆಕ್ಕದಿಂದ ಅದು ಕಳೆಯುವುದು ಆಗಲೇ. ಡಬ್ಬಿಯ ಜೊತೆ ಒಂದು ನೋಟ್‌ಬುಕ್ ಇರಲಿ: ತಂದದ್ದು, ಹೊಡೆದದ್ದು, ಉಳಿದದ್ದು. ಖಾಲಿ ಕೊಳವೆಗಳನ್ನೂ ಎಸೆಯದೆ ಇಟ್ಟಿರಿ, ಕೇಳಿದಾಗ ತೋರಿಸಲು ಅವು ಬೇಕಾಗುತ್ತವೆ. ಒಂದು ಕಳೆದುಹೋದರೂ ತಡಮಾಡದೆ ಠಾಣೆಗೆ ಬರೆದುಕೊಡಿ.

ಚುನಾವಣೆಯ ಹೊತ್ತಿಗೆ ಕೋವಿಯನ್ನು ಠೇವಣಿ ಇಡಲು ಆದೇಶ ಬಂದಾಗ ನಳಿಗೆಗೆ ಎಣ್ಣೆ ಹಚ್ಚಿ ಒಪ್ಪಿಸಿ. ರಸೀದಿಯಲ್ಲಿ ಕೋವಿಯ ನಂಬರಿನ ಜೊತೆ ತೋಟಾಗಳ ಸಂಖ್ಯೆಯನ್ನೂ ಬರೆಸಿ. ಬರೆಸದಿದ್ದರೆ ವಾಪಸು ಪಡೆಯುವಾಗ ಕೇಳಲು ಆಧಾರವಿರುವುದಿಲ್ಲ. 2019ರ ನಂತರ ಲೈಸೆನ್ಸಿನ ಅವಧಿ 3ರ ಬದಲು 5 ವರ್ಷ. ಅವಧಿ ಮುಗಿಯಲು ಇನ್ನೂ ಮೂರು ತಿಂಗಳಿರುವಾಗಲೇ ನಾನು ಅರ್ಜಿ ಹಾಕಿ ಸ್ವೀಕೃತಿಯನ್ನು ಪುಸ್ತಕದೊಳಗೇ ಇಡುತ್ತೇನೆ. ಲೈಸೆನ್ಸುದಾರರು ತೀರಿಕೊಂಡರೆ ಮನೆಯವರು ಕೋವಿಯನ್ನಷ್ಟೇ ಒಪ್ಪಿಸಿ ತೋಟಾ ಡಬ್ಬಿಯನ್ನು ಮರೆಯುವುದುಂಟು. 21ನೇ ಕಲಂ ಪ್ರಕಾರ ಎರಡನ್ನೂ ಠಾಣೆಯಲ್ಲೋ ಡೀಲರ್ ಬಳಿಯೋ ಇಡಬೇಕು. 70 ವರ್ಷವಾದವರು, ಅಥವಾ 25 ವರ್ಷ ಕೋವಿ ಇಟ್ಟುಕೊಂಡವರು, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಲೈಸೆನ್ಸ್ ಕೊಡಿಸಲು 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ದಾರಿಯಿದೆ. ಅದನ್ನು ಬಳಸಿಕೊಂಡರೆ ಮನೆಯವರಿಗೆ ಸೂತಕದ ನಡುವೆ ಠಾಣೆಗೆ ಅಲೆಯುವುದು ತಪ್ಪುತ್ತದೆ.

ಹೊಸದಾಗಿ ಅರ್ಜಿ ಹಾಕುವವರು ಊರು ಶೆಟ್ಟಿಹಳ್ಳಿ, ಶರಾವತಿ ಕಣಿವೆ, ಭದ್ರಾ ಅಭಯಾರಣ್ಯಗಳಿಂದ ಎಷ್ಟು ದೂರವೆಂದು ಮೊದಲು ಅಳೆಯಲಿ. 10 ಕಿ.ಮೀ. ಒಳಗಿದ್ದರೆ 1972ರ ವನ್ಯಜೀವಿ ಕಾಯ್ದೆಯ 34ನೇ ಕಲಂ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವಸಮ್ಮತಿ ಇಲ್ಲದೆ ಹೊಸ ಲೈಸೆನ್ಸ್ ಸಿಗದು. ಕಡತ ವರ್ಷಗಟ್ಟಲೆ ನಿಲ್ಲುವುದಕ್ಕೆ ಇದೂ ಒಂದು ಕಾರಣ. ಅಭಯಾರಣ್ಯದೊಳಗೆ ಕೋವಿ ಒಯ್ಯಲು ಅದೇ ಕಾಯ್ದೆಯ 31ನೇ ಕಲಂ ಅಡಿ ಪ್ರತ್ಯೇಕ ಲಿಖಿತ ಅನುಮತಿ ಬೇಕು. ಬೆಳೆ ರಕ್ಷಣೆಯ ಲೈಸೆನ್ಸ್ ಹಂದಿ ಹೊಡೆಯುವ ಪರವಾನಗಿಯೂ ಅಲ್ಲ. ಅದಕ್ಕೆ 11ನೇ ಕಲಂ ಅಡಿ ಅರಣ್ಯ ಇಲಾಖೆಯ ಅಧಿಕೃತ ಅಧಿಕಾರಿಯ ಲಿಖಿತ ಆದೇಶ ಬೇಕು. ಆ ಆದೇಶ ಸಿಕ್ಕರೆ ಅದರ ಪ್ರತಿಯನ್ನು ಲೈಸೆನ್ಸ್ ಪುಸ್ತಕದ ಜೊತೆಗೇ ಇಟ್ಟುಕೊಳ್ಳಿ. ಆ ದಿನ ಖರ್ಚಾದ ತೋಟಾಗಳ ಎದುರು ನೋಟ್‌ಬುಕ್ಕಿನಲ್ಲಿ ಆದೇಶದ ಸಂಖ್ಯೆಯನ್ನು ಬರೆಯಿರಿ.