ಅನುಮಾನಕ್ಕೆ ಎರಡು ಅರ್ಥ

ನಮ್ಮಪ್ಪ ಕೆಜಿಎಫ್ ಗಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. ನಾನು ಐದನೇ ಕ್ಲಾಸಿನಲ್ಲಿದ್ದಾಗ, ಎಂಬತ್ತರ ದಶಕದ ಶುರುವಿನಲ್ಲಿ, ನೈಟ್ ಶಿಫ್ಟ್ ಮುಗಿಸಿ ಬಂದು ಕಾಫಿ ಕುಡಿಯುತ್ತಾ ಅಮ್ಮನ ಹತ್ತಿರ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಬಾಂಬೆಯಿಂದ ಬಂದಿರೋ ಸೈಂಟಿಸ್ಟುಗಳು ಕೆಳಗೆ ಕಬ್ಬಿಣದ ಪೆಟ್ಟಿಗೆ ಪೇರಿಸ್ಕೊಂಡು ಕೂತವ್ರೆ. ಏನೋ ಒಡೆಯುತ್ತಂತೆ, ಅದಕ್ಕೆ ಕಾಯ್ತಾವ್ರೆ." ಏನಪ್ಪಾ ಒಡೆಯೋದು ಅಂತ ಕೇಳಿದೆ. "ಅದು ಕಣ್ಣಿಗೆ ಕಾಣಲ್ವಂತೆ ಕಣಮ್ಮ" ಅಂದರು.

ಕಾಣದೇ ಇರುವುದು ಒಡೆದರೆ ಗೊತ್ತಾಗುವುದು ಹೇಗೆ? ನನ್ನನ್ನು ಫಿಸಿಕ್ಸ್ ಕಡೆಗೆ ಎಳೆದದ್ದು ಈ ಪ್ರಶ್ನೆ. ಆದರೆ ಡಿಗ್ರಿ, ಎಂಎಸ್ಸಿ ಮುಗಿಯುವ ತನಕ ಈ ಪ್ರಶ್ನೆಯನ್ನು ಯಾರೂ ನನ್ನ ಮುಂದೆ ಇಡಲಿಲ್ಲ. ಸೂತ್ರ ಕೊಟ್ಟರು, ಲೆಕ್ಕ ಮಾಡಿಸಿದರು. ಕೋಲಾರ ಜಿಲ್ಲೆಯ ಒಂದು ಪಿಯು ಕಾಲೇಜಿನಲ್ಲಿ ಉಪನ್ಯಾಸಕಿಯಾಗಿ ಸೇರಿದ ಮೇಲೆ ನಾನೂ ಹತ್ತು ವರ್ಷಕ್ಕೂ ಹೆಚ್ಚು ಕಾಲ ಅದನ್ನೇ ಮಾಡಿದೆ. ಆಮೇಲೊಂದು ದಿನ ಸೆಕೆಂಡ್ ಪಿಯು ಹುಡುಗಿಯೊಬ್ಬಳು ಎದ್ದು ನಿಂತು, "ಮೇಡಂ, ಎಲೆಕ್ಟ್ರಾನ್ ಇದೆ ಅಂತ ನಾವು ನಂಬೋದಕ್ಕೂ ನಮ್ಮಜ್ಜಿ ದೆವ್ವ ಇದೆ ಅಂತ ನಂಬೋದಕ್ಕೂ ಏನು ವ್ಯತ್ಯಾಸ?" ಎಂದು ಕೇಳಿದಳು. ಕ್ಲಾಸು ನಕ್ಕಿತು. ನನಗೆ ನಗು ಬರಲಿಲ್ಲ, ಉತ್ತರವೂ ಬರಲಿಲ್ಲ. ಆ ವಾರವೇ ಪ್ರಿನ್ಸಿಪಾಲರನ್ನು ಕೇಳಿಕೊಂಡು ಶನಿವಾರದ ಕೊನೆಯ ಪೀರಿಯಡ್ಡನ್ನು ತೆಗೆದುಕೊಂಡೆ. ವಿಜ್ಞಾನ ಮತ್ತು ತತ್ತ್ವಶಾಸ್ತ್ರ ಒಂದನ್ನೊಂದು ಹೇಗೆ ತಿದ್ದಿಕೊಂಡು ಬಂದಿವೆ ಎಂಬುದನ್ನು ಮಕ್ಕಳ ಜೊತೆ ಕೂತು ನೋಡುವ ಪ್ರಯತ್ನ ಅಲ್ಲಿಂದ ಶುರುವಾಯಿತು.

ಮೊದಲ ವರ್ಷ ಸೋತೆ. ಅರಿಸ್ಟಾಟಲ್‌ನಿಂದ ಹಿಡಿದು ಐನ್‌ಸ್ಟೈನ್‌ವರೆಗೆ ಸಾಲಾಗಿ ಹೇಳುತ್ತಾ ಹೋದೆ. ಮಕ್ಕಳು ಇಸವಿ ಬರೆದುಕೊಂಡರು, ಹೆಸರಿನ ಕೆಳಗೆ ಗೆರೆ ಹಾಕಿದರು, "ಇದು ಎಷ್ಟು ಮಾರ್ಕ್ಸಿಗೆ ಬರುತ್ತೆ ಮೇಡಂ" ಅಂದರು. ತಪ್ಪು ಅವರದಲ್ಲ. ಪ್ರಶ್ನೆಯೇ ಹುಟ್ಟದವರ ಮುಂದೆ ನಾನು ಉತ್ತರ ಸುರಿಯುತ್ತಿದ್ದೆ.

ಎರಡನೇ ವರ್ಷ ಬೋರ್ಡಿನ ಮೇಲೆ ಒಂದೇ ಪದ ಬರೆದೆ: ಅನುಮಾನ. ಅರ್ಥವೇನು? ಎಲ್ಲರೂ "ಡೌಟು" ಅಂದರು. ನಮ್ಮ ಆಡುಮಾತಿನಲ್ಲಿ ಅದು ಸರಿ. ಆದರೆ ನ್ಯಾಯ ಎಂಬ ನಮ್ಮ ಹಳೆಯ ತರ್ಕಶಾಸ್ತ್ರದಲ್ಲಿ ಅನುಮಾನವೆಂದರೆ ಕಂಡದ್ದರಿಂದ ಕಾಣದ್ದನ್ನು ತಿಳಿಯುವ ದಾರಿ. ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನೈಯಾಯಿಕರು, ಅಂದರೆ ಆ ಶಾಸ್ತ್ರದವರು, ಎಣಿಸುವ ನಾಲ್ಕು ಪ್ರಮಾಣಗಳಲ್ಲಿ, ಅಂದರೆ ತಿಳಿವಿನ ದಾರಿಗಳಲ್ಲಿ, ಅದು ಎರಡನೆಯದು. ಬೆಟ್ಟದ ಮೇಲೆ ಹೊಗೆ ಕಾಣುತ್ತಿದೆ, ಆದ್ದರಿಂದ ಅಲ್ಲಿ ಬೆಂಕಿಯಿದೆ. ಒಂದೇ ಪದ ಕನ್ನಡದಲ್ಲಿ ಸಂಶಯವೂ ಆಗಿದೆ, ಸಂಶಯ ಕಳೆಯುವ ಸಾಧನವೂ ಆಗಿದೆ. ವಿಜ್ಞಾನದ ಕೆಲಸ ಈ ಎರಡು ಅರ್ಥಗಳ ನಡುವೆಯೇ ಓಡಾಡುತ್ತದೆ ಎಂದು ಹೇಳಿದಾಗ ಕೊನೆಯ ಬೆಂಚೂ ತಲೆ ಎತ್ತಿತು.

ಹೊಗೆಯಿದ್ದ ಕಡೆ ಬೆಂಕಿಯಿದೆ, ಸರಿ. ಬೆಂಕಿಯಿದ್ದ ಕಡೆಯೆಲ್ಲ ಹೊಗೆ ಇರುತ್ತದೆಯೇ? ಮಾಲೂರು ಕಡೆಯ ಹುಡುಗಿ ತಟ್ಟನೆ ಹೇಳಿದಳು: "ಇಲ್ಲ ಮೇಡಂ. ಇಟ್ಟಿಗೆ ಗೂಡು ಶುರುವಲ್ಲಿ ಹೊಗೆ ಬಿಡುತ್ತೆ. ಆಮೇಲೆ ಒಳಗೆ ನಿಗಿನಿಗಿ ಕೆಂಡ ಇದ್ರೂ ಹೊಗೆ ಇರಲ್ಲ." ನನಗೆ ಮೈ ಜುಮ್ಮೆಂದಿತು. ಕಾಯಿಸಿದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ ಎಂದು ಶಾಸ್ತ್ರಗ್ರಂಥಗಳು ಕೊಡುವ ಉದಾಹರಣೆಯನ್ನು ಆ ಮಗು ಗೂಡಿನ ಪಕ್ಕ ಬೆಳೆದು ತಾನಾಗಿ ಕಂಡುಕೊಂಡಿತ್ತು. ಹೊಗೆ ಬರಬೇಕಾದರೆ ಹಸಿ ಸೌದೆಯೂ ಬೇಕು. ಆ ಹೆಚ್ಚುವರಿ ಷರತ್ತಿಗೆ ಉಪಾಧಿ ಎಂದು ಹೆಸರು.

ಇದನ್ನು ತಿಳಿದವರಿಗೆ ವಿಜ್ಞಾನದ ತತ್ತ್ವಜ್ಞ ಕಾರ್ಲ್ ಪಾಪರ್ ಅರ್ಥವಾಗಲು ಹೆಚ್ಚು ಹೊತ್ತು ಬೇಕಿಲ್ಲ. ಸಿದ್ಧಾಂತ ಸರಿಯಿದ್ದರೆ ಪ್ರಯೋಗದಲ್ಲಿ ಇಂಥದ್ದು ಕಾಣಬೇಕು. ಕಂಡಿತು ಎಂದ ಮಾತ್ರಕ್ಕೆ ಸಿದ್ಧಾಂತ ಸಾಬೀತಾಗಲಿಲ್ಲ, ಅದು ಬೇರೆ ಕಾರಣಕ್ಕೂ ಕಂಡಿರಬಹುದು. ಕಾಣದಿದ್ದರೆ ಮಾತ್ರ ಸಿದ್ಧಾಂತಕ್ಕೆ ಪೆಟ್ಟು. ಪಾಪರ್ 1934ರಲ್ಲಿ ಇದನ್ನು ಬರೆಯುವಾಗ ಅವನ ಕಣ್ಣಮುಂದಿದ್ದದ್ದು 1919ರ ಸೂರ್ಯಗ್ರಹಣ. ನಕ್ಷತ್ರದ ಬೆಳಕು ತಾನು ಹೇಳಿದಷ್ಟು ಬಾಗದಿದ್ದರೆ ತನ್ನ ಸಿದ್ಧಾಂತ ಬಿದ್ದುಹೋಗುವಂಥ ಅಪಾಯಕ್ಕೆ ಐನ್‌ಸ್ಟೈನ್ ಒಡ್ಡಿಕೊಂಡದ್ದು ಅವನನ್ನು ಹಿಡಿದು ನಿಲ್ಲಿಸಿತ್ತು. ನೈಯಾಯಿಕರಿಂದ ಪಾಪರ್ ಕಲಿತ ಎಂದು ನಾನು ಹೇಳುವುದಿಲ್ಲ, ಮಕ್ಕಳೂ ಹಾಗೆ ಬರೆದುಕೊಳ್ಳಬಾರದೆಂದು ಎಚ್ಚರಿಸುತ್ತೇನೆ. ಒಂದೇ ತೊಡಕು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಊರಿನಲ್ಲಿ ಎದುರಾಯಿತು, ಅಷ್ಟೆ.

ಆ ವರ್ಷ ನಡೆದ ಒಂದು ಪರೀಕ್ಷೆಯನ್ನು ವಿವರವಾಗಿ ಹೇಳಬೇಕು. ನಮ್ಮ ಜಿಲ್ಲೆಯಲ್ಲಿ ಬೋರ್‌ವೆಲ್ ಕೊರೆಸುವುದೆಂದರೆ ಮನೆಯ ಒಡವೆ ಅಡ ಇಟ್ಟಂತೆ. ಸಾವಿರ ಅಡಿ ದಾಟಿದರೂ ಧೂಳೇ ಬಂದರೆ ಸಂಸಾರ ಮುಳುಗುತ್ತದೆ. ಹಾಗಾಗಿ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲದಲ್ಲಿ ನಡೆದು ಪಾಯಿಂಟ್ ಮಾಡಿಕೊಡುವವರಿಗೆ ಬಹಳ ಮರ್ಯಾದೆ. ಶ್ರೀನಿವಾಸಪುರದ ಕಡೆಯಿಂದ ಬರುವ ಹುಡುಗನೊಬ್ಬನ ತಾತ ಅಂಥವರು. ಹುಡುಗ ಕೇಳಿದ: "ಕಾಯಿ ಎದ್ದು ನಿಲ್ಲೋದು ಹೊಗೆ, ನೀರು ಬೆಂಕಿ ಅಂದ್ಕೊಂಡ್ರೆ, ಇವೆರಡಕ್ಕೂ ಸಂಬಂಧ ಇದೆ ಅಂತ ಹೇಗೆ ತಿಳಿಯೋದು ಮೇಡಂ?"

ಪರೀಕ್ಷೆಯನ್ನು ಮಕ್ಕಳೇ ಯೋಜಿಸಿದರು. ತಾತ ಒಪ್ಪಿದ್ದೇ ದೊಡ್ಡ ವಿಷಯ. ರಾಗಿ ಕೊಯ್ದ ಹೊಲ. ಮೊದಲು ಕಣ್ಣು ಬಿಟ್ಟು ನಡೆದು ಮೂರು ಕಡೆ ಪಾಯಿಂಟ್ ಹೇಳಿದರು. ಅಲ್ಲಿ ಗೂಟ ಹೊಡೆದು, ಮಣ್ಣು ಮುಚ್ಚಿದೆವು. ಆಮೇಲೆ ಕಣ್ಣಿಗೆ ಟವೆಲ್ ಕಟ್ಟಿ, ಬೇರೆ ಬೇರೆ ಮೂಲೆಯಿಂದ ಆರು ಸಲ ನಡೆಸಿದೆವು. ಕಾಯಿ ಸುಮಾರು ಕಡೆ ಎದ್ದಿತು. ಗೂಟದ ಹತ್ತಿರ ಎದ್ದದ್ದು ಎರಡು ಸಲ.

ಆಗ ಗುಂಪಿನಲ್ಲಿದ್ದ ಹುಡುಗಿಯೊಬ್ಬಳು ನನ್ನನ್ನೇ ನಿಲ್ಲಿಸಿ ಕೇಳಿದಳು: "ತಾತನ ಕೈ ಹಿಡ್ಕೊಂಡು ನಡೆಸಿದ್ದು ಮೊಮ್ಮಗ. ಗೂಟ ಎಲ್ಲಿದೆ ಅಂತ ಅವನಿಗೆ ಗೊತ್ತಿತ್ತಲ್ಲ?" ನನಗೆ ಹೊಳೆದಿರಲಿಲ್ಲ. ಮುಂದಿನ ಶನಿವಾರ ಗೂಟದ ಜಾಗ ಗೊತ್ತಿಲ್ಲದವರ ಕೈಗೆ ತಾತನನ್ನು ಒಪ್ಪಿಸಿ ಮತ್ತೆ ನಡೆಸಿದೆವು. ಈ ಸಲ ಒಂದೂ ಕೂಡಲಿಲ್ಲ. ಹನ್ನೆರಡು ಸುತ್ತಿನಿಂದ ಇಡೀ ಪದ್ಧತಿಯ ಮೇಲೆ ತೀರ್ಪು ಕೊಡುವಂತಿಲ್ಲ ಎಂದು ಮಕ್ಕಳಿಗೆ ಹೇಳಿದೆ. ತಾತ ಬದುವಿನ ಮೇಲೆ ಕೂತು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನೀರು ಬಿದ್ದ ಬೋರು ಜನ ಹತ್ತು ವರ್ಷ ನೆನೀತಾರೆ. ಬೀಳದ್ದು ನನಗೂ ಮರ್ತೋಗಿದೆ, ಕೊರೆಸಿದವನಿಗೆ ಮಾತ್ರ ಗೊತ್ತು" ಅಂದರು. ಮೊಮ್ಮಗ ಅವರ ಪಕ್ಕ ಹೋಗಿ ಕೂತ. ಅವರ ಆ ಪ್ರಾಮಾಣಿಕತೆಗೆ ನಾನು ಅಲ್ಲೇ ಕೈ ಮುಗಿದೆ.

ಫ್ರಾನ್ಸಿಸ್ ಬೇಕನ್ 1620ರಲ್ಲಿ ಹೇಳಿದ್ದು ಇದೇ ಮಾತು. ಹಡಗು ಒಡೆದರೂ ಹರಕೆ ಹೊತ್ತು ಬದುಕಿ ಬಂದವರ ಚಿತ್ರಗಳನ್ನು ಗುಡಿಯಲ್ಲಿ ತೋರಿಸಿ, ಈಗಲಾದರೂ ದೇವರ ಶಕ್ತಿ ಒಪ್ಪುತ್ತೀಯಾ ಎಂದು ಒಬ್ಬನನ್ನು ಕೇಳಿದರಂತೆ. ಹರಕೆ ಹೊತ್ತೂ ಮುಳುಗಿದವರ ಚಿತ್ರಗಳೆಲ್ಲಿ ಎಂದು ಅವನು ಕೇಳಿದನಂತೆ. ಈ ಹಳೆಯ ಕಥೆಯನ್ನು ಬೇಕನ್ ಎತ್ತಿಕೊಂಡು, ಕೂಡಿಬಂದದ್ದನ್ನು ಮನಸ್ಸು ಹಿಡಿದಿಟ್ಟುಕೊಳ್ಳುತ್ತದೆ, ಕೂಡದ್ದನ್ನು ಬಿಟ್ಟುಬಿಡುತ್ತದೆ, ಆದ್ದರಿಂದ ಕೂಡದ್ದನ್ನೂ ಬರೆದಿಡುವ ಕ್ರಮ ಬೇಕು ಎಂದ. ಇಂದು ಔಷಧಿ ಪರೀಕ್ಷೆಯಲ್ಲಿ ರೋಗಿಗೂ ಗೊತ್ತಿಲ್ಲದಂತೆ, ಕೊಡುವವರಿಗೂ ಗೊತ್ತಿಲ್ಲದಂತೆ ಮಾತ್ರೆ ಕೊಡುತ್ತಾರಲ್ಲ, ಅದೂ ಇದೇ ಎಚ್ಚರ. ತತ್ತ್ವಶಾಸ್ತ್ರದಿಂದ ಏನು ಪ್ರಯೋಜನ ಎಂದು ಕೇಳಿದ ಸಹೋದ್ಯೋಗಿಯೊಬ್ಬರಿಗೆ ನಾನು ಆ ಹೊಲದ ಕಥೆ ಹೇಳಿದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿ, ಭೌತಶಾಸ್ತ್ರದ ಮೇಷ್ಟರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ಮಾಡಿದ ಎಚ್. ನರಸಿಂಹಯ್ಯನವರ ಸೀಮೆ ಇದು. ಪರೀಕ್ಷೆ ಮಾಡಿ ನೋಡುವುದು ನಮಗೆ ಹೊರಗಿನಿಂದ ಬಂದ ಅಭ್ಯಾಸ ಅಲ್ಲ.

ಒಂದು ಅಂಶದಲ್ಲಿ ನಾನು ಮೊದಲು ಎಡವಿದ್ದೆ. ತತ್ತ್ವಶಾಸ್ತ್ರ ದಾರಿ ತೋರಿತು, ವಿಜ್ಞಾನ ನಡೆಯಿತು ಎನ್ನುವಂತೆ ಪಾಠ ಮಾಡುತ್ತಿದ್ದೆ. ನಿಜ ಅಷ್ಟು ಸರಳವಿಲ್ಲ. ಭೌತವಿಜ್ಞಾನಿಯೂ ತತ್ತ್ವಜ್ಞನೂ ಆಗಿದ್ದ ಅರ್ನ್ಸ್ಟ್ ಮಾಖ್‌ನನ್ನು ನೋಡಿ. ನ್ಯೂಟನ್ ಹೇಳಿದ ನಿರಪೇಕ್ಷ ದೇಶ ಮತ್ತು ಕಾಲವನ್ನು ಯಾರು ಅಳೆದಿದ್ದಾರೆ ಎಂದು ಪ್ರಶ್ನಿಸಿದವನು ಅವನು. ಅವನನ್ನೂ ಡೇವಿಡ್ ಹ್ಯೂಮ್‌ನನ್ನೂ ಐನ್‌ಸ್ಟೈನ್ ಗೆಳೆಯರ ಜೊತೆ ಕೂತು ಓದಿದ್ದ. ಆ ಓದು ಇಲ್ಲದಿದ್ದರೆ ಸಾಪೇಕ್ಷತೆಗೆ ತಾನು ತಲುಪುತ್ತಿರಲಿಲ್ಲವೇನೋ ಎಂಬ ಅರ್ಥದಲ್ಲಿ 1915ರಲ್ಲಿ ಪತ್ರವನ್ನೂ ಬರೆದ. ಆದರೆ ಅದೇ ಮಾಖ್, ಅದೇ ತರ್ಕದಿಂದ, ಕಣ್ಣಿಗೆ ಕಾಣದ ಪರಮಾಣುಗಳನ್ನು ನಿಜವೆಂದು ಒಪ್ಪಲಿಲ್ಲ. ನೀರಿನಲ್ಲಿ ತೇಲುವ ಸೂಕ್ಷ್ಮ ಕಣಗಳ ಅಲೆದಾಟದಿಂದ ಅಣುಗಳನ್ನು ಎಣಿಸಬಹುದೆಂದು 1905ರಲ್ಲಿ ಐನ್‌ಸ್ಟೈನ್ ಲೆಕ್ಕ ಹಾಕಿದ, ಪೆರಿನ್ ಅದನ್ನು ಅಳೆದು ತೋರಿಸಿದ. ಒಂದು ಕಡೆ ಕಣ್ಣು ತೆರೆಸಿದ ತತ್ತ್ವವೇ ಇನ್ನೊಂದು ಕಡೆ ಕಣ್ಣು ಕಟ್ಟಿತ್ತು, ಆ ಕಟ್ಟು ಬಿಚ್ಚಿದ್ದು ಪ್ರಯೋಗ. ಕಾಂಟ್ ಕೂಡ ಹಾಗೆಯೇ. ನ್ಯೂಟನ್‌ನ ಯಶಸ್ಸು ಹೇಗೆ ಸಾಧ್ಯವಾಯಿತು ಎಂದು ಕೇಳಿಕೊಂಡು 1781ರಲ್ಲಿ ದೊಡ್ಡ ದರ್ಶನವನ್ನೇ ಕಟ್ಟಿದ. ಯೂಕ್ಲಿಡ್‌ನ ರೇಖಾಗಣಿತ ಅನುಭವಕ್ಕಿಂತ ಮೊದಲೇ ಖಚಿತ ಎಂದು ಅದರೊಳಗೆ ಹೇಳಿದ್ದನ್ನು ಮುಂದೆ ಬಾಗಿದ ದೇಶದ ಭೌತಶಾಸ್ತ್ರ ಅಲುಗಾಡಿಸಿತು.

ನಮ್ಮಲ್ಲೂ ಜಗಳವಿತ್ತು. ದೋಣಿಯಲ್ಲಿ ಮುಂದೆ ಸಾಗುವವನಿಗೆ ದಡ ಹಿಂದೆ ಹೋದಂತೆ ಕಾಣುವ ಹಾಗೆ, ನಿಂತ ನಕ್ಷತ್ರಗಳು ಪಶ್ಚಿಮಕ್ಕೆ ಹೋಗುವಂತೆ ಕಾಣುತ್ತವೆ, ತಿರುಗುವುದು ಭೂಮಿ ಎಂದು 499ರ ಹೊತ್ತಿಗೆ ಆರ್ಯಭಟ ಹೇಳಿದ. ತುಂಬಿ ಹರಿಯುವ ಹೊಳೆ ಕಾಣದ ನಮ್ಮ ಮಕ್ಕಳಿಗೆ ಬಂಗಾರಪೇಟೆ ಜಂಕ್ಷನ್‌ನಲ್ಲಿ ಪಕ್ಕದ ರೈಲು ಹೊರಟಾಗ ತಮ್ಮದೇ ಹೊರಟಂತಾಗುವುದನ್ನು ನೆನಪಿಸುತ್ತೇನೆ. ಬ್ರಹ್ಮಗುಪ್ತ ಒಪ್ಪಲಿಲ್ಲ. ಭೂಮಿ ತಿರುಗಿದರೆ ಎತ್ತರದ ವಸ್ತುಗಳು ಏಕೆ ಬೀಳುವುದಿಲ್ಲ ಎಂದ. ಮಕ್ಕಳು ಅವನನ್ನು ಹಿಂದುಳಿದವನೆಂದರೆ ನಾನು ಬಿಡುವುದಿಲ್ಲ. ಅದು ಗಟ್ಟಿ ಪ್ರಶ್ನೆ. ಗೆಲಿಲಿಯೋ 1632ರಲ್ಲಿ ಸಾಗುವ ಹಡಗಿನ ಕೋಣೆಯೊಳಗೆ ಹನಿ ನೇರವಾಗಿಯೇ ಬೀಳುತ್ತದೆ ಎಂದು ತೋರಿಸಿ ಉತ್ತರಿಸಬೇಕಾದ ಜಾತಿಯ ಪ್ರಶ್ನೆ.

ಎಲೆಕ್ಟ್ರಾನು–ದೆವ್ವದ ಪ್ರಶ್ನೆಗೆ ಈಗ ನಾನು ನಮ್ಮೂರನ್ನೇ ಉತ್ತರವಾಗಿ ಕೊಡುತ್ತೇನೆ. ಪರಮಾಣುವಿನ ನ್ಯೂಕ್ಲಿಯಸ್ ಎಲೆಕ್ಟ್ರಾನನ್ನು ಹೊರಗೆಸೆಯುವ ಬೀಟಾ ಕ್ಷಯದಲ್ಲಿ ಶಕ್ತಿಯ ಲೆಕ್ಕ ತಾಳೆಯಾಗುತ್ತಿರಲಿಲ್ಲ. ಶಕ್ತಿ ಸಂರಕ್ಷಣೆಯ ನಿಯಮವನ್ನೇ ಬಿಟ್ಟುಕೊಡೋಣ ಎನ್ನುವವರೆಗೆ ನೀಲ್ಸ್ ಬೋರ್ ಹೋಗಿದ್ದ. 1930ರಲ್ಲಿ ಪೌಲಿ ನಿಯಮವನ್ನು ಉಳಿಸಿಕೊಂಡು, ಕಾಣದ ಕಣವೊಂದಿದೆ ಎಂದ. ಎರಡರಲ್ಲಿ ಯಾವುದನ್ನು ಆರಿಸಬೇಕೆಂದು ಹೇಳುವ ಪ್ರಯೋಗ ಆಗ ಇರಲಿಲ್ಲ. ಆ ಕಣವೇ ನ್ಯೂಟ್ರಿನೋ. 1956ರಲ್ಲಿ ಅದು ರಿಯಾಕ್ಟರಿನ ಬಳಿ ಸಿಕ್ಕಿತು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳನ್ನು 1965ರಲ್ಲಿ ಮೊದಲು ಹಿಡಿದ ಜಾಗಗಳಲ್ಲಿ ಒಂದು ನಮ್ಮ ಚಾಂಪಿಯನ್ ರೀಫ್ ಗಣಿ, ಇನ್ನೊಂದು ದಕ್ಷಿಣ ಆಫ್ರಿಕಾದ ಚಿನ್ನದ ಗಣಿ. ಬಾಂಬೆಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ ಸಿಟಿ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳ ಜೊತೆ ಸೇರಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಉಪಕರಣ ಇಟ್ಟಿದ್ದರು. ಅಷ್ಟು ಬಂಡೆಯನ್ನು ತೂರಿ ಮೇಲಿನಿಂದ ಬರುವ, ಎಲೆಕ್ಟ್ರಾನಿನಂಥದೇ ಆದರೆ ಹೆಚ್ಚು ಭಾರವಾದ ಮ್ಯುವಾನ್ ಕಣಗಳು ಹೆಚ್ಚುಕಡಿಮೆ ನೇರವಾಗಿ ಕೆಳಗೇ ಬರಬೇಕು. ಅಡ್ಡಡ್ಡಲಾಗಿ ಬಂದರೆ ದಾಟಬೇಕಾದ ಬಂಡೆ ಹತ್ತಾರು ಪಟ್ಟು, ಮ್ಯುವಾನ್ ಉಳಿಯುವುದಿಲ್ಲ. ಹಾಗಾದರೆ ಅಡ್ಡಲಾಗಿ ಬಂದ ಮ್ಯುವಾನ್ ಅಲ್ಲೇ ಹತ್ತಿರದ ಬಂಡೆಯಲ್ಲಿ ನ್ಯೂಟ್ರಿನೋ ಬಡಿದು ಹುಟ್ಟಿದ್ದು. ಹೊಗೆ, ಬೆಂಕಿ, ಉಪಾಧಿ, ಎಲ್ಲವೂ ಇಲ್ಲಿದೆ. ದೆವ್ವ ನಂಬುವವರು ಹೀಗೆ ಬೇರೆ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕಿ ಬಂದಿರುವುದಿಲ್ಲ ಎಂದು ಮಕ್ಕಳೇ ಬರೆದರು.

ಐವತ್ತರ ದಶಕದ ಶುರುವಿನಲ್ಲೇ ಈ ಗಣಿಗೆ ಇಳಿದು ಬಾಹ್ಯಾಕಾಶದಿಂದ ಬರುವ ವಿಶ್ವಕಿರಣ ಅಳೆದ ನಂಜನಗೂಡಿನ ಬಿ. ವಿ. ಶ್ರೀಕಂಠನ್ ಅವರು ನಿವೃತ್ತಿಯ ನಂತರ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಕೂತು ವಿಜ್ಞಾನದ ತಾತ್ವಿಕ ಬುನಾದಿಯ ಬಗ್ಗೆ, ಪ್ರಜ್ಞೆಯ ಬಗ್ಗೆ ಕೆಲಸ ಮಾಡಿದರು. ಅದು ನನಗೆ ಆಶ್ಚರ್ಯ ತರುವುದಿಲ್ಲ. ಅಷ್ಟು ಆಳದಲ್ಲಿ ಕಾಣದ್ದಕ್ಕೆ ಕಾದವರಿಗೆ ಈ ಪ್ರಶ್ನೆ ಬರದೆ ಇರುತ್ತದೆಯೇ.

ಅಪ್ಪ ನೋಡಿದ ಪೆಟ್ಟಿಗೆಗಳು ಬೇರೆ ಪ್ರಯೋಗದವು, ಪ್ರೋಟಾನ್ ಕ್ಷಯದ್ದು. ಪರಮಾಣುವಿನ ಒಳಗಿರುವ ಪ್ರೋಟಾನ್ ಕಣ ಯಾವತ್ತಾದರೂ ಒಡೆಯಲೇಬೇಕು ಎಂದು ಆಗಿನ ಹೊಸ ಸಿದ್ಧಾಂತಗಳು ಹೇಳಿದ್ದವು. ಒಡೆದಿರಬಹುದು ಅನ್ನಿಸುವ ಕೆಲವು ಗುರುತುಗಳು ಇಲ್ಲಿ ಕಂಡವು. ಬೇರೆ ದೇಶಗಳ ದೊಡ್ಡ ಉಪಕರಣಗಳು ಅದನ್ನು ಎತ್ತಿಹಿಡಿಯಲಿಲ್ಲ. ಆ ಸಿದ್ಧಾಂತಗಳಲ್ಲಿ ಸರಳವಾದದ್ದು ಬಿದ್ದೇಹೋಯಿತು. 2001ರಲ್ಲಿ ಗಣಿಯೂ ಮುಚ್ಚಿತು.

ಅಪ್ಪನಿಗೆ ಈಗ ಎಂಬತ್ತು ದಾಟಿದೆ. ಹೋದ ತಿಂಗಳು ನಾಲ್ಕು ಮಕ್ಕಳನ್ನು ಮನೆಗೆ ಕರೆದುಕೊಂಡು ಹೋಗಿದ್ದೆ. ಕೇಜಿನಲ್ಲಿ ಇಳಿಯುವಾಗ ಕಿವಿ ಕಟ್ಟುತ್ತಿದ್ದದ್ದು, ಕೆಳಗಿನ ಸೆಖೆ ಎಲ್ಲವನ್ನೂ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಅದು ಒಡೀತಾ ಕೊನೆಗೆ?" ಎಂದರು.

"ಇನ್ನೂ ಇಲ್ಲಪ್ಪ. ಜಪಾನಿನಲ್ಲಿ ಬೆಟ್ಟದ ಕೆಳಗೆ ಐವತ್ತು ಸಾವಿರ ಟನ್ ನೀರು ತುಂಬಿಟ್ಟುಕೊಂಡು 1996ರಿಂದ ನೋಡ್ತಾ ಇದಾರೆ. ಅದಕ್ಕಿಂತ ದೊಡ್ಡದು ಕಟ್ತಾ ಇದಾರೆ."

"ಕಾಯ್ತಾವ್ರೆ ಅನ್ನು" ಎಂದು ಅಪ್ಪ ಕಾಫಿ ಲೋಟ ಕೆಳಗಿಟ್ಟರು. ಮಾಲೂರಿನ ಹುಡುಗಿ ನೋಟ್‌ಬುಕ್ ತೆರೆದು, ಎಷ್ಟು ವರ್ಷ ಕಾಣದಿದ್ದರೆ ಇಲ್ಲ ಅನ್ನಬಹುದು ಎಂದು ಬರೆದುಕೊಂಡಳು. ಮುಂದಿನ ಶನಿವಾರ ಅದನ್ನೇ ತೆಗೆದುಕೊಳ್ಳುತ್ತೇವೆ.