ಹಳೆಯ ಎಸ್‌ಎಲ್ ಕಾರಿನ ಛಾವಣಿ ಅರ್ಧಕ್ಕೆ ನಿಂತಾಗ: ದೋಷ ಪತ್ತೆಗೆ ಒಂದು ಕ್ರಮ

1989ರ ಮಾರ್ಚ್ ತಿಂಗಳಲ್ಲಿ ಜಿನೀವಾ ಮೋಟಾರು ಪ್ರದರ್ಶನದಲ್ಲಿ ಮರ್ಸಿಡಿಸ್-ಬೆಂಜ್ ಕಂಪನಿಯು ಜನರ ಮುಂದಿಟ್ಟ, ಬಟ್ಟೆಯ ಛಾವಣಿ ಸ್ವಿಚ್ಚು ಒತ್ತಿದರೆ ತೆರೆದು ಮುಚ್ಚುವ ಎಸ್‌ಎಲ್ ಕಾರನ್ನು ಅದರ ಅಭಿಮಾನಿಗಳು ಈಗಲೂ ಆರ್129 ಎಂಬ ಕಾರ್ಖಾನೆಯ ಸಂಕೇತದಿಂದಲೇ ಕರೆಯುತ್ತಾರೆ. ಬ್ರೂನೊ ಸಾಕೊ ಅವರ ನೇತೃತ್ವದಲ್ಲಿ ವಿನ್ಯಾಸಗೊಂಡ ಈ ಕಾರು ಜರ್ಮನಿಯ ಬ್ರೆಮೆನ್ ನಗರದಲ್ಲಿ 2001ರವರೆಗೆ ತಯಾರಾಯಿತು. ಒಟ್ಟು ಎರಡು ಲಕ್ಷಕ್ಕಿಂತ ಸ್ವಲ್ಪ ಹೆಚ್ಚು ಕಾರುಗಳು ಹೊರಬಂದವು. ಆಗ ಸಿರಿವಂತರಿಗಷ್ಟೇ ಎಟುಕುತ್ತಿದ್ದ ಈ ಕಾರು ಇಂದು ಅಮೆರಿಕ ಮತ್ತು ಯುರೋಪಿನಲ್ಲಿ ಸಾಧಾರಣ ಸಂಬಳದವರ ಕೈಗೂ ಸಿಗುತ್ತದೆ. ಆದರೆ ಇಳಿದಿರುವುದು ಕಾರಿನ ಬೆಲೆಯೇ ಹೊರತು ಅದರ ಬಿಡಿಭಾಗಗಳ ಬೆಲೆಯಲ್ಲ. ಆದ್ದರಿಂದ ದೋಷ ಎಲ್ಲಿದೆ ಎಂದು ಖಚಿತವಾಗುವ ಮೊದಲೇ ಬಿಡಿಭಾಗ ತರಿಸುವವರು ಬಹಳ ಹಣ ಕಳೆದುಕೊಳ್ಳುತ್ತಾರೆ.

ನ್ಯೂಜೆರ್ಸಿಯಲ್ಲಿರುವ ನಮ್ಮ ಮನೆಯಲ್ಲಿ 1995ರ ಎಸ್‌ಎಲ್ 320 ಒಂದಿದೆ. ಅದನ್ನು ಬಿಚ್ಚಿ ಜೋಡಿಸುತ್ತ ನಾನು ಮನಗಂಡ ವಿಷಯವೆಂದರೆ, ಈ ಕಾರಿನಲ್ಲಿ ಕಬ್ಬಿಣ ಸವೆಯುವುದಕ್ಕಿಂತ ಬಹಳ ಮೊದಲು ರಬ್ಬರು, ಪ್ಲಾಸ್ಟಿಕ್ಕು ಮತ್ತು ವೈರುಗಳ ಹೊದಿಕೆ ಸಾಯುತ್ತವೆ. ಅವು ಸಾಯುವುದು ಓಡಿದ ದೂರದಿಂದಲ್ಲ, ಕಳೆದ ವರ್ಷಗಳಿಂದ. ಹಾಗಾಗಿ ಮೀಟರಿನಲ್ಲಿ ಕಡಿಮೆ ಮೈಲಿ ಇದೆಯೆಂದು ಯಾರೂ ನೆಮ್ಮದಿಯಿಂದ ಇರುವಂತಿಲ್ಲ.

ಮೊದಲು ಬ್ಯಾಟರಿ

ಯಾವ ದೂರಿದ್ದರೂ ಮೊದಲು ವಿದ್ಯುತ್ ಅಳೆಯುವ ಮಲ್ಟಿಮೀಟರ್ ಹಿಡಿದು ಬ್ಯಾಟರಿ ನೋಡಬೇಕು. ರಾತ್ರಿಯಿಡೀ ನಿಂತ ಕಾರಿನಲ್ಲಿ ಸುಮಾರು 12.6 ವೋಲ್ಟ್, ಎಂಜಿನ್ ಚಾಲೂ ಇದ್ದಾಗ 13.8ರಿಂದ 14.4 ವೋಲ್ಟ್ ಇರಬೇಕು. ನಿಂತ ಕಾರಿನಲ್ಲಿ 12.2ಕ್ಕಿಂತ ಕಡಿಮೆ ಕಂಡರೆ ಮುಂದಿನ ಯಾವ ಪರೀಕ್ಷೆಯನ್ನೂ ನಂಬಬಾರದು; ಚಾರ್ಜ್ ಮಾಡಿ ಮತ್ತೆ ಆರಂಭಿಸಬೇಕು. ಎಣ್ಣೆಯ ಒತ್ತಡದಿಂದ ಛಾವಣಿಯನ್ನು ನಡೆಸುವ ಪಂಪು ಬಹಳ ಕರೆಂಟು ಎಳೆಯುತ್ತದೆ. ಸೊರಗಿದ ಬ್ಯಾಟರಿಯಿದ್ದರೆ ಎಲ್ಲ ಭಾಗಗಳೂ ಸರಿಯಿದ್ದರೂ ಛಾವಣಿ ನಡುವೆಯೇ ನಿಂತುಬಿಡುತ್ತದೆ. ಎಂಜಿನ್ ಚಾಲೂ ಇಟ್ಟು, ಗ್ಯಾರೇಜಿನ ಬಾಗಿಲು ತೆರೆದಿಟ್ಟು ಛಾವಣಿಯನ್ನು ಪರೀಕ್ಷಿಸುವುದು ಒಳ್ಳೆಯದು.

ಛಾವಣಿ ಎಲ್ಲಿ ನಿಂತಿತು?

ಗೇರ್ ಕಡ್ಡಿಯ ಬಳಿಯ ಸ್ವಿಚ್ಚನ್ನು ಒತ್ತಿ ಹಿಡಿದರೆ ಕಿಟಕಿಗಳು ಕೆಳಗಿಳಿಯುತ್ತವೆ. ಸೀಟುಗಳ ಹಿಂದಿನ ಸುರಕ್ಷತಾ ಕಮಾನು ಎದ್ದಿದ್ದರೆ ಮಲಗುತ್ತದೆ. ಗಾಳಿಗಾಜಿನ ಮೇಲಂಚಿನ ಕೊಂಡಿಗಳು ಬಿಡುತ್ತವೆ. ಬಟ್ಟೆಯ ಹಿಂಬದಿಯ ಅಂಚು ಮೇಲೇಳುತ್ತದೆ. ಸೀಟುಗಳ ಹಿಂದಿನ ಪೆಟ್ಟಿಗೆಯ ಮುಚ್ಚಳ ತೆರೆದುಕೊಂಡು ಛಾವಣಿಯನ್ನು ಒಳಗೆ ಸೇರಿಸಿಕೊಂಡು ಮತ್ತೆ ಮುಚ್ಚಿಕೊಳ್ಳುತ್ತದೆ. ಎಲ್ಲವೂ ಸರಿಯಿದ್ದರೆ ಇದಿಷ್ಟಕ್ಕೆ ಅರ್ಧ ನಿಮಿಷ ಸಾಕು. ಒಂದು ಕೆಲಸ ಮುಗಿಯಿತೆಂದು ಅಲ್ಲಲ್ಲಿ ಕೂರಿಸಿರುವ ಸಣ್ಣ ಸ್ವಿಚ್ಚುಗಳು ಕಂಪ್ಯೂಟರಿಗೆ ಹೇಳಿದ ಮೇಲೆಯೇ ಮುಂದಿನ ಕೆಲಸ ಶುರುವಾಗುತ್ತದೆ. ಆದ್ದರಿಂದ ಛಾವಣಿ ಯಾವ ಜಾಗದಲ್ಲಿ ನಿಂತಿತು ಎಂಬುದೇ ಅತಿ ಮುಖ್ಯವಾದ ಸುಳಿವು. ಒಬ್ಬರು ಸ್ವಿಚ್ಚು ಒತ್ತಿ ಹಿಡಿಯಲಿ, ಇನ್ನೊಬ್ಬರು ಹೊರಗೆ ನಿಂತು ನೋಡಲಿ, ಆದದ್ದನ್ನೆಲ್ಲ ಕ್ರಮವಾಗಿ ಬರೆದುಕೊಳ್ಳಲಿ. ತೆರೆದ ಮುಚ್ಚಳದ ಕೆಳಗೆ ಕೈ ಹಾಕುವ ಮೊದಲು ಮರದ ತುಂಡೊಂದನ್ನು ಊರುಗೋಲಾಗಿ ಕೊಡಲೇಬೇಕು. ಸುರಕ್ಷತಾ ಕಮಾನಿನ ಹತ್ತಿರವಂತೂ ತಲೆ ಇಡಲೇಬಾರದು. ಕಾರು ಮಗುಚುವ ಸೂಚನೆ ಸಿಕ್ಕರೆ ಅದು 0.3 ಸೆಕೆಂಡಿನಲ್ಲಿ ಎದ್ದು ನಿಲ್ಲುವಂತೆ ಮಾಡಿರುವ ವ್ಯವಸ್ಥೆ.

ಈಗ ಕಿವಿಗೆ ಕೆಲಸ. ಸ್ವಿಚ್ಚು ಒತ್ತಿದಾಗ ಡಿಕ್ಕಿಯ ಕಡೆಯಿಂದ ಪಂಪಿನ ಸದ್ದು ಕೇಳಿಸಿಯೂ ಯಾವುದೂ ಅಲುಗದಿದ್ದರೆ ಎಣ್ಣೆ ಕಡಿಮೆಯಾಗಿದೆ ಅಥವಾ ಎಲ್ಲೋ ಸೋರುತ್ತಿದೆ ಎಂದು ಭಾವಿಸಬಹುದು. ಪಂಪು ತಿರುಗುವ ಸದ್ದೇ ಇಲ್ಲದಿದ್ದರೆ ಮೊದಲು ಫ್ಯೂಸು ಮತ್ತು ರಿಲೇ (ಕರೆಂಟಿನಿಂದಲೇ ನಡೆಯುವ ಸ್ವಿಚ್ಚು), ಅನಂತರ ಆ ಸಣ್ಣ ಸ್ವಿಚ್ಚುಗಳು. ಛಾವಣಿ ನಿಂತ ಜಾಗಕ್ಕೆ ಸಂಬಂಧಿಸಿದ ಸ್ವಿಚ್ಚನ್ನು ಹುಡುಕಿ, ಅದರ ಸಂಪರ್ಕ ಬಿಡಿಸಿ, ಬೆರಳಿನಿಂದ ಒತ್ತಿದಾಗ ಮಲ್ಟಿಮೀಟರ್ ಸದ್ದು ಮಾಡುತ್ತದೆಯೇ ನೋಡಬೇಕು. ಬಹಳ ಸಲ ಸ್ವಿಚ್ಚು ಸರಿಯಾಗಿಯೇ ಇದ್ದು, ಅದನ್ನು ಒತ್ತಬೇಕಾದ ಲೋಹದ ತುಂಡು ಸ್ವಲ್ಪ ಜರುಗಿರುತ್ತದೆ. ಬಾನೆಟ್ ಕೆಳಗಿನ ಸಾಕೆಟ್ಟಿಗೆ ಚಿಕ್ಕ ಸಾಧನವೊಂದನ್ನು ಸಿಕ್ಕಿಸಿ, ದೀಪ ಎಷ್ಟು ಸಲ ಮಿನುಗಿತೆಂದು ಎಣಿಸಿ ಛಾವಣಿಯ ದೋಷಸಂಖ್ಯೆ ತಿಳಿಯುವ ಅನುಕೂಲವೂ ಈ ಕಾರಿನಲ್ಲಿದೆ. ಆ ಸಂಖ್ಯೆ ದೋಷದ ದಿಕ್ಕನ್ನು ತೋರಿಸುತ್ತದೆ, ತೀರ್ಪು ಕೊಡುವುದಿಲ್ಲ.

ನನ್ನ ಕಾರು ಒಂದು ಅಕ್ಟೋಬರಿನ ಸಂಜೆ ಹಿಂದಿನ ಮುಚ್ಚಳ ತೆರೆದುಕೊಂಡೇ ನಿಂತಿತು. ತೋರಿಸಿದ ಗ್ಯಾರೇಜಿನವರು ಪಂಪು ಹೋಗಿದೆ, ಪೂರ್ತಿ ಬದಲಿಸಬೇಕು ಎಂದು ದೊಡ್ಡ ಮೊತ್ತ ಹೇಳಿದರು. ಮನೆಗೆ ತಂದು ಡಿಕ್ಕಿಯ ಒಳಹೊದಿಕೆ ಬಿಚ್ಚಿ ನೋಡಿದರೆ ಪಂಪಿನ ಎಣ್ಣೆಯ ಡಬ್ಬಿಯಲ್ಲಿ ಕನಿಷ್ಠ ಗೆರೆಗಿಂತ ಒಂದು ಬೆರಳಿನಷ್ಟು ಕೆಳಗೆ ಎಣ್ಣೆಯಿತ್ತು. ಆ ಎಣ್ಣೆ ಎಲ್ಲಿ ಹೋಗಿತ್ತೆಂದು ಹುಡುಕುತ್ತಿದ್ದಾಗ ಚಾಲಕನ ಬದಿಯ ಬಿಸಿಲುಪಟ್ಟಿಯ ಮೇಲೆ ರೂಪಾಯಿ ನಾಣ್ಯದಗಲದ ಕಲೆ ಕಂಡಿತು, ಬೆರಳಿಟ್ಟರೆ ಜಿಡ್ಡು. ಅದರ ನೇರ ಮೇಲೆ, ಗಾಜಿನ ಚೌಕಟ್ಟಿನೊಳಗೆ, ಮುಂದಿನ ಕೊಂಡಿಯನ್ನು ಎಣ್ಣೆಯ ಒತ್ತಡದಿಂದ ನಡೆಸುವ ಸಿಲಿಂಡರು ಕೂತಿತ್ತು.

ಸಿಲಿಂಡರಿನ ಸೀಲು ಬದಲಿಸುವುದು

ಈ ಕಾರಿನ ಛಾವಣಿಯ ಸಿಲಿಂಡರುಗಳಲ್ಲಿ ಮೂಲತಃ ಹಾಕಿದ್ದ ಸೀಲುಗಳು ಎಣ್ಣೆಯಲ್ಲಿ ನೆನೆದೂ ನೆನೆದೂ ವರ್ಷಗಳಾದ ಮೇಲೆ ಒಣ ಬೆಲ್ಲದಂತೆ ಪುಡಿಯಾಗುತ್ತವೆ. ಒಂದರ ಸೀಲು ಹೋಯಿತೆಂದರೆ ಅದೇ ವಯಸ್ಸಿನ ಉಳಿದವೂ ಸರದಿಯಲ್ಲಿವೆ ಎಂದೇ ಅರ್ಥ. ಹೊಸ ಸಿಲಿಂಡರು ಕೊಳ್ಳುವ ಅಗತ್ಯವಿಲ್ಲ. ಹಳೆಯದನ್ನೇ ಬಿಚ್ಚಿ ಕಳುಹಿಸಿದರೆ ವೈಟಾನ್ ರಬ್ಬರಿನ ಸೀಲು ಹಾಕಿ ಮರಳಿಸುವ ಕುಶಲಕರ್ಮಿಗಳು ಅಮೆರಿಕದಲ್ಲಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಹೊಸ ಸಿಲಿಂಡರಿಗಿಂತ ಅದೇ ಹೆಚ್ಚು ಬಾಳಿಕೆ ಬರುವ ಮಾರ್ಗ.

ಬಿಚ್ಚುವ ಮೊದಲು ಬ್ಯಾಟರಿಯ ಋಣ ತುದಿಯನ್ನು ತೆಗೆದಿಡಬೇಕು. ಕೊಳವೆಗಳಲ್ಲಿ ಒತ್ತಡ ಉಳಿದಿರಬಹುದಾದ್ದರಿಂದ ಕನ್ನಡಕ ಧರಿಸಿ, ಜೋಡಣೆಯ ಮೇಲೆ ದಪ್ಪ ಬಟ್ಟೆ ಸುತ್ತಿ ನಿಧಾನವಾಗಿ ಸಡಿಲಿಸಬೇಕು. ಒಂದು ಕೊಳವೆ ಸಿಲಿಂಡರಿನ ಕಡ್ಡಿಯನ್ನು ಹೊರನೂಕಲು, ಇನ್ನೊಂದು ಒಳಗೆಳೆಯಲು. ಅವು ಅದಲುಬದಲಾದರೆ ಛಾವಣಿ ಉಲ್ಟಾ ನಡೆಯಲು ಹೊರಟು ಚೌಕಟ್ಟು ಬಾಗಬಹುದು. ಆದ್ದರಿಂದ ಬಿಚ್ಚುವ ಮೊದಲೇ ಎರಡಕ್ಕೂ ಬೇರೆ ಬೇರೆ ಬಣ್ಣದ ಟೇಪು ಸುತ್ತಿ ಫೋಟೊ ತೆಗೆದುಕೊಳ್ಳಬೇಕು. ತೆರೆದ ತುದಿಗಳಿಗೆ ಬಿರಟೆ ಹಾಕದಿದ್ದರೆ ಧೂಳು ಸೇರುತ್ತದೆ. ಅದು ಹೊಸ ಸೀಲನ್ನು ಮೊದಲ ದಿನವೇ ಗೀರುತ್ತದೆ. ಜೋಡಿಸಿದ ನಂತರ ಕಂಪನಿ ನಮೂದಿಸಿರುವ ಹೈಡ್ರಾಲಿಕ್ ಎಣ್ಣೆಯನ್ನೇ ತುಂಬಬೇಕು. ಬ್ರೇಕ್ ಎಣ್ಣೆ ಹಾಕಿದರೆ ಒಳಗಿರುವ ಎಲ್ಲ ಸೀಲುಗಳೂ ಉಬ್ಬಿ ಹಾಳಾಗುತ್ತವೆ. ಬಳಿಕ ಛಾವಣಿಯನ್ನು ನಾಲ್ಕೈದು ಸಲ ತೆರೆದು ಮುಚ್ಚಿದರೆ ಒಳಗಿನ ಗಾಳಿ ತಾನಾಗಿ ಡಬ್ಬಿಗೆ ಮರಳುತ್ತದೆ. ಎಣ್ಣೆಯ ಮಟ್ಟವನ್ನು, ಛಾವಣಿ ಯಾವ ಸ್ಥಿತಿಯಲ್ಲಿರುವಾಗ ನೋಡಬೇಕೆಂದು ಕೈಪಿಡಿ ಹೇಳುತ್ತದೆಯೋ ಆಗಲೇ ನೋಡಿ ಸರಿಪಡಿಸಬೇಕು.

ಎಂಜಿನ್ ತಡವರಿಸಿದರೆ ವೈರು ನೋಡಿ

ಸುಮಾರು 1993ರಿಂದ 1995ರ ನಡುವೆ ತಯಾರಾದ ಕಾರುಗಳ ಎಂಜಿನ್ ವೈರಿಂಗಿಗೆ ಬಳಸಿದ ಹೊದಿಕೆ ಶಾಖಕ್ಕೆ ಉದುರಿಹೋಗುವ ಗುಣದ್ದು. ನಿಂತಲ್ಲೇ ಎಂಜಿನ್ ನಡುಗುವುದು, ದಾರಿಯಲ್ಲಿ ಥಟ್ಟನೆ ಬಂದ್ ಆಗುವುದು, ವೇಗವೇ ಏರದಿರುವುದು, ಒಂದು ದಿನ ಕಂಡ ಎಚ್ಚರಿಕೆ ದೀಪ ಮರುದಿನ ಕಾಣದಿರುವುದು ಇವೆಲ್ಲ ಅದರ ಲಕ್ಷಣಗಳು. ಪರೀಕ್ಷೆ ಸುಲಭ. ಎಂಜಿನ್ ತಣ್ಣಗಾದ ಮೇಲೆ, ಇಂಧನ ಸಿಂಪಡಿಸುವ ಇಂಜೆಕ್ಟರುಗಳ ಬಳಿ ಹೊರಗಿನ ಕಪ್ಪು ತೋಳನ್ನು ಅರ್ಧ ಅಂಗುಲ ಹಿಂದೆ ಸರಿಸಿ ಒಳಗಿನ ತೆಳು ವೈರುಗಳನ್ನು ನೋಡಬೇಕು. ಹೊದಿಕೆ ಬಿರುಕು ಬಿಟ್ಟು ಒಳಗಿನ ತಾಮ್ರ ಹೊಳೆಯುತ್ತಿದ್ದರೆ ಅದನ್ನು ಬಗ್ಗಿಸಿ ನೋಡುವ ಪ್ರಯತ್ನ ಬೇಡ, ಮುಟ್ಟಿದಷ್ಟೂ ಉದುರುತ್ತದೆ. ಟೇಪು ಸುತ್ತಿ ತಾತ್ಕಾಲಿಕ ಪರಿಹಾರ ಮಾಡಿದವರನ್ನು ನಾನು ಕಂಡಿದ್ದೇನೆ. ಅದು ತಪ್ಪು ಎಂದು ಖಂಡಿತವಾಗಿ ಹೇಳುತ್ತೇನೆ. ಎರಡು ವೈರು ಒಂದಕ್ಕೊಂದು ತಗುಲಿದರೆ ಎಂಜಿನ್ನಿನ ಕಂಪ್ಯೂಟರೇ ಸುಡಬಹುದು. ಅದರ ಮುಂದೆ ಹೊಸ ವೈರಿಂಗಿನ ಖರ್ಚು ಏನೂ ಅಲ್ಲ. ಪೂರ್ತಿ ವೈರಿಂಗನ್ನೇ ಬದಲಿಸಬೇಕು. ಅದೇ ಕಾಲದ ವೈರು, ಎಂಜಿನ್ನಿಗೆ ಹೋಗುವ ಗಾಳಿಯನ್ನು ಹತೋಟಿಯಲ್ಲಿಡುವ ಥ್ರಾಟಲ್ ಪೆಟ್ಟಿಗೆಯೊಳಗೂ ಇರುವುದರಿಂದ ಅದನ್ನೂ ಜೊತೆಗೇ ನೋಡಿಸಬೇಕು.

ಅದಕ್ಕೂ ಹಿಂದಿನ ಕಾರುಗಳಲ್ಲಿ ಇಂಥದೇ ಲಕ್ಷಣ ಕಂಡರೆ, ಹೆಚ್ಚು ವೋಲ್ಟೇಜಿನಿಂದ ಕಾಪಾಡುವ ರಿಲೇಯನ್ನು ಮೊದಲು ಶಂಕಿಸಬೇಕು. ಅದರ ಒಳಗಿನ ಬೆಸುಗೆ ಬಿರುಕು ಬಿಟ್ಟಿರುತ್ತದೆ. ಎಂಟು ಸಿಲಿಂಡರಿನ 500 ಮಾದರಿ ಮಳೆಗಾಲದ ಮುಂಜಾನೆ ಮಾತ್ರ ತಡವರಿಸಿ, ಬಿಸಿಯಾದ ಮೇಲೆ ಸರಿಹೋದರೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಕ್ಯಾಪುಗಳಲ್ಲಿ ತೇವ ಕೂತಿದೆ ಎಂದೇ ತಿಳಿಯಬೇಕು. ಆರು ಸಿಲಿಂಡರಿನ 320ರಲ್ಲಿ ಎಂಜಿನ್ನಿನ ಹಿಂಬದಿಯ ಬಲಮೂಲೆಯಿಂದ ಎಣ್ಣೆ ಜಿನುಗುವುದು ಹೆಡ್ ಗ್ಯಾಸ್ಕೆಟ್ಟಿನ (ಎಂಜಿನ್ನಿನ ಮೇಲ್ಭಾಗ ಮತ್ತು ಕೆಳಭಾಗದ ನಡುವಿನ ಸೀಲಿನ) ಹಳೆಯ ಕಾಯಿಲೆ. ಎಂಜಿನ್ ತಂಪಾಗಿಡುವ ಕೂಲಂಟಿನಲ್ಲಿ ಎಣ್ಣೆ ಬೆರೆಯದಿದ್ದರೆ ಅದಕ್ಕೆ ಆತುರವಿಲ್ಲ.

ಬೇಸಿಗೆಯಲ್ಲೂ ಬಿಸಿಗಾಳಿ

ಏಸಿ ಹಾಕಿದರೂ ಬಿಸಿಗಾಳಿ ಬಂದರೆ ಗ್ಯಾಸು ತುಂಬಿಸಲು ಓಡುವ ಮೊದಲು ಹೀಟರಿನ ನೀರಿನ ವಾಲ್ವನ್ನು ನೋಡಬೇಕು. ಕರೆಂಟು ಇಲ್ಲದಾಗ ತೆರೆದೇ ಇರುವ ವಾಲ್ವು ಅದು. ಒಳಗಿನ ರಬ್ಬರು ಪರದೆ ಹರಿದರೆ ಎಂಜಿನ್ನಿನ ಬಿಸಿನೀರು ಹೀಟರಿಗೆ ಸದಾ ಹರಿಯುತ್ತದೆ. ಬರೀ ಒಳಭಾಗಗಳ ಕಿಟ್ ಸಿಗುತ್ತದೆ, ಅರ್ಧ ಗಂಟೆಯ ಕೆಲಸ. ಆದರೆ ತಂಪು ಮಾಡುವ ಇವಾಪರೇಟರ್ ಸೋರುತ್ತಿದೆ ಎಂದು ಖಚಿತವಾದರೆ ಇಡೀ ಡ್ಯಾಶ್‌ಬೋರ್ಡ್ ಬಿಚ್ಚಬೇಕಾಗುತ್ತದೆ. ಆ ಕೆಲಸವನ್ನು ಮನೆಯಲ್ಲಿ ಕೈಗೆತ್ತಿಕೊಳ್ಳಬಾರದು. ಬಾಗಿಲಿಗೆ ಬೀಗ ಹಾಕಿದ ಮೇಲೂ ಡಿಕ್ಕಿಯ ಕಡೆಯಿಂದ ಗುಂಯ್‌ಗುಡುವ ಸದ್ದು ನಿಲ್ಲದಿದ್ದರೆ ಬೀಗಗಳನ್ನು ನಡೆಸುವ ಗಾಳಿಯ ಕೊಳವೆ ಎಲ್ಲೋ ಸೀಳಿದೆ ಎಂದರ್ಥ.

ಚಳಿಗೆ ಮೊದಲು

ಛಾವಣಿಯ ಹಿಂಬದಿಯ ಕಿಟಕಿಗಳು ಗಾಜಲ್ಲ, ಪ್ಲಾಸ್ಟಿಕ್ಕು. ಹಿಮ ಬೀಳುವ ದಿನ ಮಡಚಿದರೆ ಮಡಿಕೆಯಲ್ಲೇ ಒಡೆಯುತ್ತವೆ. ನವೆಂಬರಿನಲ್ಲಿ ಛಾವಣಿ ಮುಚ್ಚಿದ ಮೇಲೆ ಬೆಚ್ಚಗಿನ ದಿನ ಬರುವವರೆಗೆ ತೆರೆಯಬಾರದು. ಮುಚ್ಚುವ ಮೊದಲು ಹಿಂದಿನ ಪೆಟ್ಟಿಗೆಯ ಎರಡೂ ಮೂಲೆಯ ನೀರಿನ ಕಂಡಿಗಳಲ್ಲಿ ತರಗೆಲೆ ಸಿಕ್ಕಿದೆಯೇ ಎಂದು ಬೆರಳಾಡಿಸಿ ನೋಡಿ, ಒಂದು ಲೋಟ ನೀರು ಹೊಯ್ದು ಅದು ಕಾರಿನ ಕೆಳಗೆ ತೊಟ್ಟಿಕ್ಕುವವರೆಗೆ ಕಾಯಬೇಕು. ನೀರು ಅಲ್ಲೇ ನಿಂತರೆ ಮೆತ್ತನೆಯ ಪ್ಲಾಸ್ಟಿಕ್ ತಂತಿಯಿಂದ ಕಂಡಿಯನ್ನು ಬಿಡಿಸಬೇಕು. ಗಟ್ಟಿ ತಂತಿ ಒಳಗಿನ ಕೊಳವೆಯನ್ನೇ ಜೋಡಣೆಯಿಂದ ಕಳಚಿಬಿಡುತ್ತದೆ.